ಚಿನ್ನಮನೂರಿನ ಮೆಕ್ಯಾನಿಕ್ಕೂ ಹೊಸ ಏರ್ ರೈಫಲ್ಲೂ

ಕರ್ನಾಟಕದ ಜಿಲ್ಲೆಯೊಂದರ ಪೊಲೀಸ್ ಶಸ್ತ್ರಾಗಾರದಿಂದ ನಿವೃತ್ತನಾಗಿ ನಾನು ಹುಟ್ಟೂರಾದ ತಮಿಳುನಾಡಿನ ತೇನಿಗೆ ಮರಳಿದ್ದು ೨೦೨೨ರಲ್ಲಿ. ಅಲ್ಲಿ ನಾನು ಆರ್ಮರರ್ ಆಗಿದ್ದೆ. ಬಂದೂಕು ಬಿಚ್ಚುವುದು, ಸವೆದ ಭಾಗ ಬದಲಿಸುವುದು, ಮತ್ತೆ ಜೋಡಿಸಿ ಗುರಿ ಪರೀಕ್ಷಿಸಿ ಕೊಡುವುದು ನನ್ನ ಕೆಲಸ. ಸುಮ್ಮನೆ ಕೂರಲಾಗದೆ ಮನೆಯ ಮುಂದಿನ ಕೋಣೆಯಲ್ಲಿ ಒಂದು ಮೇಜು, ಭಾಗಗಳನ್ನು ಬಿಗಿಹಿಡಿಯುವ ಒಂದು ವೈಸ್ ಹಾಕಿಕೊಂಡು ಏರ್ ರೈಫಲ್ ರಿಪೇರಿ ಆರಂಭಿಸಿದೆ. ಗಾಳಿಯ ಒತ್ತಡದಿಂದ ಪುಟ್ಟ ಸೀಸದ ಪೆಲೆಟ್ ಹಾರಿಸುವ ಈ ಬಂದೂಕಿಗೆ, ಅದರ ಶಕ್ತಿ ಇಪ್ಪತ್ತು ಜೂಲ್ ದಾಟದೆ ನಳಿಗೆಯ ವ್ಯಾಸವೂ ನಿಗದಿತ ಮಿತಿಯಲ್ಲಿದ್ದರೆ, ಪರವಾನಗಿ ಬೇಡ. ದಿಂಡಿಗಲ್ಲಿನ ಶೂಟಿಂಗ್ ಕ್ಲಬ್ಬಿನವರೇ ನನ್ನ ಹೆಚ್ಚಿನ ಗಿರಾಕಿಗಳು. ಕೆಟ್ಟ ಬಂದೂಕನ್ನು ಸರಿಮಾಡುವುದು ನನಗೆ ಎಂದೂ ಕಷ್ಟವೆನಿಸಿಲ್ಲ. ಕೆಡದ ಬಂದೂಕನ್ನು ಕೆಡದಂತೆ ಉಳಿಸುವುದು ಎಂಥ ಕಷ್ಟ ಎಂದು ತೋರಿಸಿಕೊಟ್ಟವನು ಚಿನ್ನಮನೂರಿನ ಪೆರುಮಾಳ್.

ಪೆರುಮಾಳ್ ಬೈಕ್ ಮೆಕ್ಯಾನಿಕ್. ಕಂಬಂ ಕಣಿವೆಯ ಅರ್ಧದಷ್ಟು ಬೈಕುಗಳು ಅವನ ಕೈಯಲ್ಲಿ ಹಾದುಹೋಗಿವೆ ಎಂದರೆ ಹೆಚ್ಚಲ್ಲ. ಎಂಜಿನ್ ಶಬ್ದ ಕೇಳಿಯೇ ರೋಗ ಹೇಳುತ್ತಿದ್ದ, ಹೇಳಿದ್ದು ತಪ್ಪುತ್ತಿರಲಿಲ್ಲ. ಅವನ ಹೆಂಡತಿ ವಸಂತಾ ಖಾಸಗಿ ಶಾಲೆಯೊಂದರಲ್ಲಿ ತಾತ್ಕಾಲಿಕ ಕ್ರೀಡಾ ಶಿಕ್ಷಕಿ. ನಮ್ಮಂತೆಯೇ ಅವರದೂ ತಲೆಮಾರುಗಳ ಹಿಂದೆ ಈ ಕಡೆ ಬಂದು ನೆಲೆಸಿದ ಕನ್ನಡ ಮನೆ. ಮಾತು ಕನ್ನಡದಲ್ಲಿ ಶುರುವಾಗಿ ತಮಿಳಿನಲ್ಲಿ ಮುಗಿಯುತ್ತಿತ್ತು.

ವಸಂತಾ ಶಾಲೆಯ ಮಕ್ಕಳನ್ನು ಒಮ್ಮೆ ಕ್ಲಬ್ಬಿಗೆ ಕರೆದೊಯ್ದಾಗ ತಾನೂ ನಾಲ್ಕು ಗುಂಡು ಹಾರಿಸಿ ನೋಡಿದ್ದಳು. ಅವಳ ಕೈ ಎಷ್ಟು ನಿಶ್ಚಲವಾಗಿದೆ ಎಂಬುದು ಅಲ್ಲಿನ ತರಬೇತುದಾರರ ಕಣ್ಣಿಗೆ ಬಿತ್ತು. ವಾರಾಂತ್ಯದ ಮಹಿಳಾ ತಂಡಕ್ಕೆ ಅವರಿಗೊಬ್ಬ ಶಿಕ್ಷಕಿ ಬೇಕಾಗಿತ್ತು. ಕ್ಲಬ್ಬಿನ ಸ್ಪರ್ಧೆಯಲ್ಲಿ ಓಪನ್ ಸೈಟ್ ವಿಭಾಗದಲ್ಲಿ, ಅಂದರೆ ದುರ್ಬೀನಿಲ್ಲದೆ ಬಂದೂಕಿನ ಮೇಲಿರುವ ಕಿಂಡಿ ಮತ್ತು ಮೊನೆಯನ್ನಷ್ಟೇ ನಂಬಿ ಹೊಡೆಯುವ ವಿಭಾಗದಲ್ಲಿ, ನಾನೂರಕ್ಕೆ ಮುನ್ನೂರ ನಲವತ್ತು ಅಂಕ ತೆಗೆದರೆ ಆ ಕೆಲಸ ಅವಳದು ಎಂದರು. ಶಾಲೆಯ ಕೆಲಸ ಪ್ರತಿ ಜೂನ್‌ನಲ್ಲೂ ತೂಗಾಡುತ್ತಿದ್ದ ಅವಳಿಗೆ ಅದು ದೊಡ್ಡ ಮಾತು. ಸ್ಪರ್ಧೆ ಆಗಸ್ಟ್ ಕೊನೆಗೆ. ಜೂನ್‌ನಲ್ಲಿ ಗಂಡಹೆಂಡತಿ ಹೊಸ ಬ್ರೇಕ್ ಬ್ಯಾರೆಲ್ ರೈಫಲ್ ಕೊಂಡು, ಡಬ್ಬ ಸಮೇತ ನೇರ ನನ್ನಲ್ಲಿಗೆ ತಂದರು.

ಬ್ರೇಕ್ ಬ್ಯಾರೆಲ್ ಎಂದರೆ ನಡುವೆ ಮಡಚುವ ಬಂದೂಕು. ನಳಿಗೆಯನ್ನು ಕೆಳಕ್ಕೆ ಎಳೆದರೆ ಒಳಗಿನ ಬಲವಾದ ಸ್ಪ್ರಿಂಗ್ ಒತ್ತಿಕೊಂಡು ನಿಲ್ಲುತ್ತದೆ. ತೆರೆದ ಬಾಯಿಗೆ ಪೆಲೆಟ್ ಇಟ್ಟು ನಳಿಗೆ ಮುಚ್ಚಿ ಟ್ರಿಗರ್ ಒತ್ತಿದರೆ ಸ್ಪ್ರಿಂಗ್ ಪಿಸ್ಟನ್ನನ್ನು ಮುಂದಕ್ಕೆ ನೂಕುತ್ತದೆ, ಪಿಸ್ಟನ್ ಗಾಳಿಯನ್ನು ನೂಕುತ್ತದೆ, ಗಾಳಿ ಪೆಲೆಟ್ಟನ್ನು. ಹೊಸದರಲ್ಲಿ ಪಿಸ್ಟನ್ನಿನ ತುದಿಯ ಸೀಲ್ ಇನ್ನೂ ಬಿಗಿಯಾಗಿರುತ್ತದೆ, ಕಾರ್ಖಾನೆಯ ಗ್ರೀಸ್ ಒಳಗೆ ಮೆತ್ತಿರುತ್ತದೆ. ಮೊದಲ ಕೆಲವು ನೂರು ಗುಂಡುಗಳಲ್ಲಿ ಒಂದು ಜೋರು, ಒಂದು ಮೆಲ್ಲಗೆ. ಅದು ರೋಗವಲ್ಲ. ಹೊಡೆಯುತ್ತ ಹೋದಂತೆ ತಾನೇ ಪಳಗುತ್ತದೆ.

ಇದನ್ನೆಲ್ಲ ಇಬ್ಬರನ್ನೂ ಕೂರಿಸಿ ಹೇಳಿದೆ. ನಳಿಗೆಯನ್ನು ಬಟ್ಟೆಯ ತುಂಡಿನಿಂದ ಒರೆಸಿ. ಪೆಲೆಟ್ ಇಲ್ಲದೆ ಹಾರಿಸಬೇಡಿ, ಪಿಸ್ಟನ್ ಹೋಗಿ ಬಂದೂಕಿನ ಒಳಗೋಡೆಗೆ ಬಡಿಯುತ್ತದೆ. ಪೆಲೆಟ್ ಇಡುವಾಗ ಇನ್ನೊಂದು ಕೈಯಲ್ಲಿ ನಳಿಗೆಯನ್ನು ಬಿಗಿಯಾಗಿ ಹಿಡಿದಿರಿ. ಆಗಾಗ ಬಂದೂಕನ್ನು ಮರದ ಹಿಡಿಗೆ ಕೂಡಿಸಿದ ಸ್ಕ್ರೂ ನೋಡಿ ಬಿಗಿ ಮಾಡಿ. ಐನೂರು ಗುಂಡು ಆದ ಮೇಲೆ ತನ್ನಿ, ಅಲ್ಲಿಯವರೆಗೆ ಬೇರೇನೂ ಮಾಡಬೇಡಿ. ವಸಂತಾ ಗಮನವಿಟ್ಟು ಕೇಳಿದಳು. ಪೆರುಮಾಳ್ ಮಾತ್ರ ನಾನು ಒಂದು ವಾಕ್ಯ ಮುಗಿಸುವ ಮೊದಲೇ ತಲೆಯಾಡಿಸುತ್ತಿದ್ದ. ಹೊಸ ಬೈಕಿಗೂ ಹೀಗೇ, ಮೊದಲ ಸಾವಿರ ಕಿಲೋಮೀಟರ್ ನಿಧಾನ, ಅದೆಲ್ಲ ನನಗೆ ಗೊತ್ತು ಎಂದ. ಆ ತಲೆಯಾಡಿಸುವಿಕೆಯನ್ನು ನೋಡಿಯೇ ನಾನು ಎಚ್ಚರಗೊಳ್ಳಬೇಕಿತ್ತು.

ಹದಿನೈದು ದಿನದೊಳಗೆ ಬಂದೂಕು ನನ್ನ ಮೇಜಿನ ಮೇಲಿತ್ತು. ಹಾರಿಸಿದಾಗಲೆಲ್ಲ ಪಟಾಕಿಯಂತೆ ಸದ್ದು, ನಳಿಗೆಯ ತುದಿಯಲ್ಲಿ ಹೊಗೆ. ಏನು ಮಾಡಿದೆ ಎಂದು ಪೆರುಮಾಳನನ್ನು ಕೇಳಿದೆ.

"ಒಂದೂ ಮಾಡಿಲ್ಲೆ ಅಣ್ಣ. ಸುಮ್ಮ ಕೊಂಜ ಎಣ್ಣೆ ಬುಟ್ಟೆ."

ನಮ್ಮ ಕಡೆ ಕೊಂಜ ಎಂದರೆ ಸ್ವಲ್ಪ. ಬಿಚ್ಚಿ ನೋಡಿದರೆ ಪೆರುಮಾಳನ ಕೊಂಜದಲ್ಲಿ ಒಂದು ಮೊಪೆಡ್ ತೇನಿಗೆ ಬಂದು ಹೋಗಬಹುದಿತ್ತು. ಗಾಳಿ ಹೋಗುವ ರಂಧ್ರದಲ್ಲೇ ಎಂಜಿನ್ ಆಯಿಲ್ ಬಿಟ್ಟಿದ್ದ. ಪಿಸ್ಟನ್ ಗಾಳಿಯನ್ನು ಒತ್ತಿದಾಗ ಹುಟ್ಟುವ ಬಿಸಿಗೆ ಆ ಎಣ್ಣೆ ಹೊತ್ತಿಕೊಳ್ಳುತ್ತದೆ, ಡೀಸೆಲ್ ಎಂಜಿನ್‌ನಲ್ಲಿ ಆಗುವ ಹಾಗೆಯೇ. ಸೀಲ್ ಸುಟ್ಟು ಅಂಚು ಕರಗಿತ್ತು. ದಿನವೂ ಎಂಜಿನ್ ಬಿಚ್ಚಿ ಜೋಡಿಸುವ ಮನುಷ್ಯನಿಗೆ ಇದನ್ನು ವಿವರಿಸಬೇಕಾಯಿತಲ್ಲ ಎಂದು ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಎಲ್ಲ ತೊಳೆದು, ಹೊಸ ಸೀಲ್ ಹಾಕಿ, ಪಳಗಿಸುವ ಕೆಲಸ ಮೊದಲಿನಿಂದ ಶುರು ಎಂದು ಹೇಳಿ ಕಳಿಸಿದೆ.

ಜುಲೈನಲ್ಲಿ ಮತ್ತೆ ಬಂದ. ಈ ಸಲ ಬಂದೂಕಿನ ಮೇಲೆ ಒಂದು ದುರ್ಬೀನು ಕೂತಿತ್ತು, ಅದರೊಳಗಿನ ಗುರಿಗೆರೆ ಮುರಿದು ಓರೆಯಾಗಿತ್ತು. ಸ್ಪ್ರಿಂಗ್ ಬಂದೂಕು ಹಿಂದಕ್ಕೂ ಮುಂದಕ್ಕೂ ಒದೆಯುತ್ತದೆ. ಅದಕ್ಕೆಂದೇ ಮಾಡಿದ ದುರ್ಬೀನಲ್ಲದಿದ್ದರೆ ಒಳಗೇ ಮುರಿದುಹೋಗುತ್ತದೆ. ಅದಿರಲಿ, ಓಪನ್ ಸೈಟ್ ಸ್ಪರ್ಧೆಗೆ ದುರ್ಬೀನು ಯಾಕಯ್ಯಾ ಎಂದು ಕೇಳಿದೆ. ಬಂದೂಕು ನೇರವಾಗಿ ಹೊಡೆಯುತ್ತದೋ ಇಲ್ಲವೋ ತಿಳಿಯಲು ಎಂದ. ಎಲ್ಲಿ ನಿಂತು ಹೊಡೆದೆ? ವರ್ಕ್‌ಶಾಪಿನ ಹಿಂದಿನ ಬಯಲಲ್ಲಿ. ಆಡಿ ತಿಂಗಳಲ್ಲಿ, ಅಂದರೆ ಆಷಾಢದಲ್ಲಿ, ನಮ್ಮ ಕಣಿವೆಯ ಗಾಳಿ ಒಣಹಾಕಿದ ಲುಂಗಿಯನ್ನು ಪಕ್ಕದ ಬೀದಿಗೆ ಮುಟ್ಟಿಸುತ್ತದೆ. ಅಂಥ ಗಾಳಿಯಲ್ಲಿ ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಪೆಲೆಟ್ ಹಾರಿಸಿ, ಅದು ಪಕ್ಕಕ್ಕೆ ಹೋಯಿತೆಂದು ಬಂದೂಕಿನ ಮೇಲೆ ದೂರು ತಂದಿದ್ದ. ದುರ್ಬೀನು ಕಿತ್ತು ಅವನ ಕೈಗಿಟ್ಟೆ.

ಮೂರನೆಯ ಸಲ ವಸಂತಾ ಒಬ್ಬಳೇ ಬಸ್ಸಿನಲ್ಲಿ ತಂದಳು. ನಳಿಗೆ ಎಳೆದು ಎಳೆದು ಭುಜ ನೋಯುತ್ತಿದೆ, ಗುಂಡುಗಳು ಅಂಗೈಯಗಲ ಚದುರುತ್ತಿವೆ ಎಂದಳು. ನಾನು ಎಳೆದು ನೋಡಿದೆ. ನನಗೇ ಕಷ್ಟವಾಯಿತು. ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್ ಮುಂದೆ ಹಾರಿಸಿದರೆ ಒಂದೊಂದು ಗುಂಡಿಗೆ ಒಂದೊಂದು ವೇಗ. ಅದರಲ್ಲೊಂದು ಇಪ್ಪತ್ತು ಜೂಲಿನ ಗೆರೆಯನ್ನು ದಾಟಿತ್ತು. ಬಿಚ್ಚಿದೆ. ಒಳಗಿದ್ದದ್ದು ಬಂದೂಕಿನ ಸ್ಪ್ರಿಂಗೇ ಅಲ್ಲ; ಪೆರುಮಾಳ್ ಎಲ್ಲಿಂದಲೋ ತಂದು ಕತ್ತರಿಸಿ ಕೂರಿಸಿದ ದಪ್ಪ ತಂತಿಯ ಬೇರೊಂದು ಸ್ಪ್ರಿಂಗ್.

ಅವನಿಗೆ ಫೋನ್ ಮಾಡಿ ಕಿರುಚಿದೆ. ಇದು ರಿಪೇರಿಯಲ್ಲ, ಪರವಾನಗಿ ಇಲ್ಲದ ಆಯುಧ ಇಟ್ಟುಕೊಂಡ ಕೇಸು, ಠಾಣೆಯ ಮೆಟ್ಟಿಲು ಹತ್ತಬೇಕಾಗುವುದು ನೀನಲ್ಲ, ನಿನ್ನ ಹೆಂಡತಿ ಎಂದೆ. ಹತ್ತು ಮೀಟರ್ ದೂರದ ಕಾಗದಕ್ಕೆ ತೂತು ಮಾಡಲು ಬಲ ಬೇಡ, ಒಂದೇ ಸಮನಾದ ವೇಗ ಬೇಕು ಎಂದೆ. ಇನ್ನು ಸ್ಪ್ರಿಂಗ್ ಮುಟ್ಟುವುದಿಲ್ಲ ಎಂದು ಮಾತು ಕೊಟ್ಟ. ಹಳೆಯ ಸ್ಪ್ರಿಂಗ್ ಕಳಿಸಿದ, ನಾನು ಹಾಕಿದೆ.

ಆಗಸ್ಟ್ ಮೊದಲ ವಾರದಲ್ಲಿ ಒಂದು ಬೆಳಿಗ್ಗೆ ಇಬ್ಬರೂ ನನ್ನ ಬಾಗಿಲಲ್ಲಿ ನಿಂತಿದ್ದರು. ವಸಂತಾಳ ಬಲಗೈ ತೋರುಬೆರಳಿಗೆ ದಪ್ಪ ಬ್ಯಾಂಡೇಜ್ ಇತ್ತು. ಬಂದೂಕು ಪೆರುಮಾಳನ ಕೈಯಲ್ಲಿತ್ತು, ಅವನ ತಲೆ ತಗ್ಗಿತ್ತು.

ಸ್ಪ್ರಿಂಗ್ ಮುಟ್ಟುವುದಿಲ್ಲ ಎಂದು ಕೊಟ್ಟ ಮಾತನ್ನು ಅವನು ಉಳಿಸಿಕೊಂಡಿದ್ದ. ಮುಟ್ಟಿದ್ದು ಟ್ರಿಗರನ್ನು. ಒತ್ತಿಕೊಂಡ ಸ್ಪ್ರಿಂಗನ್ನು ಹಿಡಿದು ನಿಲ್ಲಿಸುವ ಒಂದು ಉಕ್ಕಿನ ಕೊಕ್ಕೆ ಇರುತ್ತದೆ, ಅದಕ್ಕೆ ಸಿಯರ್ ಎನ್ನುತ್ತಾರೆ. ಟ್ರಿಗರ್ ಹಗುರವಾಗಲೆಂದು ಆ ಕೊಕ್ಕೆಯ ಅಂಚನ್ನು ಅರದಿಂದ ಉಜ್ಜಿದ್ದ. ಹಗುರವೇನೋ ಆಯಿತು. ವಸಂತಾ ನಳಿಗೆ ಮಡಚಿ ಪೆಲೆಟ್ ಇಡುತ್ತಿದ್ದಾಗ ಟ್ರಿಗರ್ ಮುಟ್ಟದೆಯೇ ಕೊಕ್ಕೆ ಜಾರಿತು. ನಳಿಗೆ ಮೇಲಕ್ಕೆ ಚಿಮ್ಮಿ ಮುಚ್ಚಿಕೊಂಡಿತು. ಎಡಗೈಯಲ್ಲಿ ಬಿಗಿಯಾಗಿ ಹಿಡಿದಿದ್ದಳಾದ್ದರಿಂದ ಉಗುರು ಮಾತ್ರ ಹೋಯಿತು. ಹಿಡಿಯದಿದ್ದರೆ ಬೆರಳು ಹೋಗುತ್ತಿತ್ತು. ಟ್ರಿಗರ್ ಒತ್ತಬೇಕಾದ ಬೆರಳು ಅದೇ.

ನನಗೆ ಬೈಯಲು ಕೂಡ ಶಕ್ತಿ ಉಳಿದಿರಲಿಲ್ಲ. ಈ ಬಂದೂಕನ್ನು ನಾನಿನ್ನು ಮುಟ್ಟುವುದಿಲ್ಲ, ಎಲ್ಲಿಗಾದರೂ ಕೊಂಡುಹೋಗಿ ಎಂದೆ. ಪೆರುಮಾಳ್ ಮೆಲ್ಲಗೆ, ಸಿಯರ್‌ಗೆ ವೆಲ್ಡಿಂಗ್ ತುಂಬಿಸಿ ತಾನೇ ಸರಿಮಾಡುತ್ತೇನೆ ಎಂದು ಶುರುಮಾಡಿದ. ಆಗ ವಸಂತಾ ಬಾಯಿಬಿಟ್ಟಳು. ಅವರ ಮನೆಗಳಲ್ಲಿ ಹೆಂಡತಿ ಗಂಡನನ್ನು ಮಾಮ ಎಂದೇ ಕರೆಯುವುದು.

"ಮಾಮ, ನಿಮ್ಮ ವರ್ಕ್‌ಶಾಪಲ್ಲಿ ನಾನು ಒಂದ್ ದಿನ ಸ್ಪ್ಯಾನರ್ ಮುಟ್ಟಿದ್ದುಂಟಾ? ಇದು ನನ್ನ ವೇಲೆ. ಕೈ ತೆಗೀರಿ."

ದನಿ ಏರಿರಲಿಲ್ಲ. ವೇಲೆ ಎಂದರೆ ಕೆಲಸ. ಪೆರುಮಾಳ್ ಬಂದೂಕನ್ನು ಮೇಜಿನ ಮೇಲಿಟ್ಟು ಬಾಗಿಲ ಕಟ್ಟೆಯ ಮೇಲೆ ಕುಳಿತ. ನನ್ನ ಮುಖ ನೋಡದೆ ಹೇಳಿದ.

"ಅಲ್ಲಿ ಎಲ್ಲಾರ ಕೈಲೂ ಫಾರಿನ್ ತುಪ್ಪಾಕಿ ಅಣ್ಣ. ಇವಳ್ದೇ ಎಲ್ಲಕ್ಕಿಂತ ಕಮ್ಮಿ. ನಾನು ಮೆಕ್ಯಾನಿಕ್ಕು ಇದ್ದೂ ಇವಳು ಹಂಗೇ ಹೋಗೋದಾ?"

ಎರಡು ತಿಂಗಳಿಂದ ನನ್ನ ತಲೆ ತಿಂದ ಮನುಷ್ಯ ಹೀಗೆ ಹೇಳಿದಾಗ ಏನು ಮಾಡುವುದು? ಕೋಪ ಹಾಗೇ ಇತ್ತು, ಆದರೆ ಅದನ್ನು ಇಡಲು ಜಾಗ ಸಿಗಲಿಲ್ಲ. ಬಂದೂಕು ಇಲ್ಲೇ ಇರಲಿ, ನಾಳೆ ನೀನೊಬ್ಬನೇ ಬಾ ಎಂದೆ.

ತಯಾರಕರ ಡೀಲರಿನಿಂದ ಹೊಸ ಸಿಯರ್ ತರಿಸಿದೆ. ನಳಿಗೆ ಬಾಗಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿದೆ, ಪುಣ್ಯಕ್ಕೆ ನೇರವಾಗಿತ್ತು. ನಿಜಕ್ಕೂ ಆ ಬಂದೂಕಿಗೆ ಬೇಕಾಗಿದ್ದ ಸುಧಾರಣೆ ಒಂದೇ. ಸ್ಪ್ರಿಂಗಿನ ಒಳಗೆ ಅದನ್ನು ನೆಟ್ಟಗೆ ಹಿಡಿದಿಡುವ ಗೈಡ್ ಎಂಬ ಕೊಳವೆ ಇರುತ್ತದೆ. ಕಾರ್ಖಾನೆಯದು ಸಡಿಲ, ಅದಕ್ಕೇ ಹಾರಿಸಿದಾಗ ಸ್ಪ್ರಿಂಗ್ ತಂತಿಯಂತೆ ಝೇಂಕರಿಸಿ ಕೈ ನಡುಗಿಸುತ್ತಿತ್ತು. ಹೇಳಿದಂತೆ ಒಬ್ಬನೇ ಬಂದ ಪೆರುಮಾಳನಿಗೆ ಅಳತೆ ಕೊಟ್ಟು, ಬಿಗಿಯಾದ ಒಂದು ಗೈಡ್ ಮಾಡಿಕೊಡು, ಅಷ್ಟೇ ಮಾಡು ಎಂದೆ. ಮರುದಿನವೇ ಲೇತ್‌ನಲ್ಲಿ ಗಟ್ಟಿ ನೈಲಾನ್ ಕಡೆದು ತಂದ. ಸ್ಪ್ರಿಂಗಿಗೆ ತೂರಿಸಿದರೆ ಕೂದಲೆಳೆಯ ಸಡಿಲವೂ ಇಲ್ಲ. ಅಂಥ ಕೆಲಸ ನನ್ನ ಕೈಯಲ್ಲಿ ಆಗುತ್ತಿರಲಿಲ್ಲ. ಅದನ್ನು ಹೇಳಿದೆ ಕೂಡ. ಅವನು ಕೂಡಲೇ, ಹಾಗಾದರೆ ಪಿಸ್ಟನ್ನಿಗೂ ಒಂದು ಎಂದು ಆರಂಭಿಸಿದ. ಸಾಕು ಎಂದೆ.

ಗ್ರೀಸನ್ನು ತೆಳ್ಳಗೆ ಸವರಿ ಜೋಡಿಸಿದೆ. ಬಂದೂಕು ಮತ್ತೆ ಹೊಸದರಂತೆ, ಮತ್ತೆ ಪಳಗಿಸಬೇಕು. ವಸಂತಾಳ ಬೆರಳು ಇನ್ನೂ ವಾಸಿಯಾಗಿರಲಿಲ್ಲ. ಹಾಗಾಗಿ ಆ ಕೆಲಸ ಪೆರುಮಾಳನಿಗೆ ಬಿತ್ತು. ವರ್ಕ್‌ಶಾಪಿನ ಒಳಗೆ, ಮರಳು ತುಂಬಿದ ಪೆಟ್ಟಿಗೆಯ ಎದುರು ಕೂತು, ಹಾರಿಸುವುದು, ಮಡಚುವುದು, ಪೆಲೆಟ್ ಇಡುವುದು, ಹಾರಿಸುವುದು. ಬೇರೇನೂ ಮಾಡುವಂತಿಲ್ಲ. ಟೂಲ್‌ಬಾಕ್ಸಿಗೆ ವಸಂತಾ ಬೀಗ ಹಾಕಿ, ಸ್ಕ್ರೂ ಬಿಗಿ ಮಾಡುವ ಒಂದು ಕೀಲಿಯನ್ನಷ್ಟೇ ಹೊರಗಿಟ್ಟಿದ್ದಳಂತೆ. ದಿನಕ್ಕೊಮ್ಮೆ ಫೋನ್ ಬರುತ್ತಿತ್ತು: ಈಗೊಂದು ಸದ್ದು ಬಂತು, ಬಿಚ್ಚಿ ನೋಡಲೇ? ಬೇಡ. ಟ್ರಿಗರಿಗೆ ಒಂದೇ ಒಂದು ಹನಿ? ಬೇಡ. ನನ್ನ ಜೀವನದಲ್ಲಿ ಅಷ್ಟು ಸಲ ಬೇಡ ಎಂದದ್ದು ಇನ್ನೆಂದೂ ಇಲ್ಲ. ಕೊನೆಕೊನೆಗೆ ಫೋನ್ ಅಪರೂಪವಾಯಿತು. ಒಂದು ದಿನ ತಾನಾಗಿಯೇ, ಸದ್ದು ಒಂದೇ ಥರ ಆಗಿದೆ ಅಣ್ಣ ಎಂದ. ಎಂಜಿನ್ ಕೇಳುವ ಕಿವಿ ಅದು, ನಂಬಿದೆ. ಕ್ರೋನೋಗ್ರಾಫ್ ಕೂಡ ಅದನ್ನೇ ಹೇಳಿತು. ವೇಗಗಳು ಒಂದಕ್ಕೊಂದು ಹತ್ತಿರ ಬಂದಿದ್ದವು, ಶಕ್ತಿ ಮಿತಿಗಿಂತ ಬಹಳ ಕೆಳಗಿತ್ತು.

ಸ್ಪರ್ಧೆಗೆ ನಾಲ್ಕೇ ದಿನ ಇರುವಾಗ ಬ್ಯಾಂಡೇಜ್ ಬಿಚ್ಚಿದರು. ಸ್ಪರ್ಧೆಯ ದಿನ ಮೂವರೂ ಬತ್ಲಗುಂಡು ದಾರಿಯಾಗಿ ದಿಂಡಿಗಲ್ಲಿಗೆ ಬಸ್ಸಿನಲ್ಲಿ ಹೋದೆವು. ನಾನು ಹೋಗಬೇಕಾದ ಅಗತ್ಯವೇನೂ ಇರಲಿಲ್ಲ. ಪೆರುಮಾಳನ ಪಕ್ಕದಲ್ಲಿ ಯಾರಾದರೂ ಕೂತಿರಬೇಕೆನಿಸಿತು.

ವಸಂತಾ ನಲವತ್ತು ಗುಂಡು ಹೊಡೆದಳು. ಒಂದೊಂದು ಗುಂಡಿಗೂ ಅವನು ನನ್ನ ಕಿವಿಯಲ್ಲಿ ಒಂದೊಂದು ಕಾರಣ ಹೇಳುತ್ತಿದ್ದ. ಹಿಂದಿನ ಸೈಟ್ ಸರಿದಿದೆ, ಪೆಲೆಟ್ ಬೇರೆ ಕಂಪನಿಯದು ತರಬೇಕಿತ್ತು. ಕೊನೆಗೆ ಬಂದ ಅಂಕ ಮುನ್ನೂರ ಮೂವತ್ತಾರು. ನಾಲ್ಕು ಕಡಿಮೆ.

ಹೊರಗೆ ಬೇವಿನ ಮರದ ನೆರಳಲ್ಲಿ ಅವನು ಬಂದೂಕಿಗೆ ಕೈಚಾಚಿದ. ಟ್ರಿಗರ್ ಇನ್ನೊಂದು ಸ್ವಲ್ಪ ಹಗುರ ಮಾಡಿದ್ದರೆ ಆ ನಾಲ್ಕು ಬರುತ್ತಿತ್ತು ಎಂದ. ನನ್ನ ಬಾಯಿಗೆ ಬಂದ ಮಾತು ಇಲ್ಲಿ ಬರೆಯುವಂಥದ್ದಲ್ಲ. ಅದನ್ನು ಆಡುವ ಮೊದಲೇ ವಸಂತಾ ಬಂದೂಕನ್ನು ಚೀಲಕ್ಕೆ ಹಾಕಿ ಜಿಪ್ ಎಳೆದಳು.

"ತುಪ್ಪಾಕಿ ಪಳಗಿಬುಟ್ಟದೆ ಮಾಮ. ನಾನಿನ್ನೂ ಪಳಗಿಲ್ಲೆ. ಕೊಂಜ ದಿನ ಬುಡಿ."

ತರಬೇತುದಾರರು ಅಕ್ಟೋಬರ್ ಸ್ಪರ್ಧೆಗೆ ಇನ್ನೊಂದು ಅವಕಾಶ ಕೊಟ್ಟರು. ಆ ಎರಡು ತಿಂಗಳು ವಸಂತಾ ಪ್ರತಿದಿನ ಶಾಲೆ ಬಿಟ್ಟ ಮೇಲೆ ಅಭ್ಯಾಸ ಮಾಡಿದಳು. ಸೈಟ್ ಅದೇ, ಪೆಲೆಟ್ ಅದೇ, ಸ್ಪ್ರಿಂಗ್ ಅದೇ. ಅಕ್ಟೋಬರಿನಲ್ಲಿ ಮುನ್ನೂರ ನಲವತ್ತೇಳು ಬಂತು. ಈಗ ಶನಿವಾರ, ಭಾನುವಾರ ಅವಳು ದಿಂಡಿಗಲ್ಲಿನಲ್ಲಿ ಹೆಂಗಸರಿಗೆ ಕಲಿಸುತ್ತಾಳೆ. ಮೊದಲ ಪಾಠದಲ್ಲಿ ಉಗುರು ಓರೆಯಾಗಿ ಬೆಳೆದ ಬೆರಳನ್ನು ಎಲ್ಲರಿಗೂ ತೋರಿಸುತ್ತಾಳಂತೆ.

ಗುರಿ ತಪ್ಪಿದಾಗ ಮನುಷ್ಯ ಮೊದಲು ಕೈಹಾಕುವುದು ಯಂತ್ರಕ್ಕೆ. ನಾಲ್ಕು ಭಾಗ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಕೆಟ್ಟಿತು, ಯಾವುದರಿಂದ ಸುಧಾರಿಸಿತು ಎಂದು ಯಾರಿಗೂ ತಿಳಿಯುವುದಿಲ್ಲ. ಏನನ್ನೂ ಬದಲಿಸದೆ ಅದೇ ಬಂದೂಕನ್ನು ಅದೇ ಕೈಯಲ್ಲಿ ಸಾಕಷ್ಟು ಸಲ ಹಾರಿಸಿದರೆ, ತಪ್ಪು ಎಲ್ಲಿದೆಯೆಂದು ಅದಾಗಿಯೇ ಕಾಣಿಸಿಕೊಳ್ಳುತ್ತದೆ. ಮೂವತ್ತು ವರ್ಷ ಶಸ್ತ್ರಾಗಾರದಲ್ಲಿ ಈ ಮಾತು ನನಗೆ ಗೊತ್ತೇ ಇತ್ತು. ಅದನ್ನು ಕೆಲಸ ಬಲ್ಲ ಮನುಷ್ಯನೊಬ್ಬ ಒಪ್ಪುವಂತೆ ಮಾಡಲು ಎಷ್ಟು ಉಸಿರು ಖರ್ಚಾಗುತ್ತದೆ ಎಂಬುದು ಮಾತ್ರ ಆ ವರ್ಷ ತಿಳಿಯಿತು.