ಅಗ್ಗಕ್ಕೆ ಗೆದ್ದ ಗಾಡಿ

ನಮ್ಮಕ್ಕ ಬದುಕಿದ್ದಾಳೆ, ಕೈಕಾಲು ನೆಟ್ಟಗಿವೆ. ಇವತ್ತು ಬೆಳಿಗ್ಗೆ ಕೂಡ ಫೋನ್ ಮಾಡಿ ಅವರೆಕಾಯಿ ಕಳಿಸಲೇ ಎಂದು ಕೇಳಿದಳು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನನ್ನ ಫೋನಿನಲ್ಲಿ ನಲವತ್ತೇಳು ಸೆಕೆಂಡಿನ ಒಂದು ವಿಡಿಯೊ ಇದೆ. ಅದನ್ನು ನೋಡುವಾಗಲೆಲ್ಲ ಈ ಮಾತನ್ನು ನನಗೆ ನಾನೇ ಹೇಳಿಕೊಳ್ಳಬೇಕಾಗುತ್ತದೆ. ದಿನಕ್ಕೆ ಎಷ್ಟು ಸಲ ನೋಡುತ್ತೇನೆ ಎಂಬುದನ್ನು ಮಾತ್ರ ಯಾರಿಗೂ ಹೇಳಿಲ್ಲ.

ಆ ವಿಡಿಯೊದಲ್ಲಿರುವ ಗೂಡ್ಸ್ ಗಾಡಿಯನ್ನು ಆನ್‌ಲೈನ್ ಹರಾಜಿನಲ್ಲಿ ಗೆದ್ದುಕೊಟ್ಟವನು ನಾನು.

ಭಾವ ಚನ್ನಪಟ್ಟಣದಲ್ಲಿ ಗೊಂಬೆ ಮಾಡುತ್ತಾರೆ. ಮನೆಯ ಹಿಂದಿನ ಶೆಡ್ಡಿನಲ್ಲಿ ಮರ ಕಡೆಯುವ ಎರಡು ಲೇತ್ ಇವೆ. ಮಾಗಡಿ ಕಡೆಯಿಂದ ಮರ ತರಲು ಬಾಡಿಗೆ ಗಾಡಿಗೆ ಕಾದು ಕಾದು ಸಾಕಾಗಿ, ಸ್ವಂತಕ್ಕೊಂದು ಹಳೆಯ ಗಾಡಿ ನೋಡಬೇಕು ಎಂದಾಗ ಅಕ್ಕ ನನ್ನ ಕಡೆ ಕೈ ತೋರಿಸಿದಳು. ನಾನು ಎಂ.ಕಾಂ. ಓದಿದವನು ಎಂಬುದು ಒಂದು ಕಾರಣ. ಇನ್ನೊಂದು, ಆ ಹೊತ್ತಿಗೆ ನಾನು ಹರಾಜಿನಲ್ಲಿ ಒಂದು ಹಳೆಯ ಕ್ಯಾಮೆರಾವನ್ನೂ ಒಂದು ಹೊಲಿಗೆ ಯಂತ್ರವನ್ನೂ ಅಂಗಡಿಯ ಅರ್ಧ ಬೆಲೆಗೆ ಹೊಡೆದಿದ್ದೆ. ನೆಂಟರ ಮದುವೆಗಳಲ್ಲಿ ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಜಾಗ ಹಿಡಿಯಲು ಜನ ಬರುತ್ತಿದ್ದರು. ಪಾಯಸ ಬರುವಷ್ಟರಲ್ಲಿ ಅವರಿಗೆ ನನ್ನ ಸೂತ್ರಗಳೆಲ್ಲ ತಿಳಿದುಹೋಗಿರುತ್ತಿದ್ದವು.

ಸೂತ್ರಗಳೇನೂ ಕೆಟ್ಟವಲ್ಲ, ಈಗಲೂ ಹಾಗೇ ಅನ್ನಿಸುತ್ತದೆ. ಹರಾಜು ಶುರುವಾಗುವ ಮುಂಚೆಯೇ ನಿನ್ನ ಕೊನೆಯ ಬೆಲೆಯನ್ನು ಕಾಗದದ ಮೇಲೆ ಬರೆದಿಡು. ಬಿಸಿಯಲ್ಲಿ ಬರೆದರೆ ಅದು ಬೆಲೆಯಲ್ಲ, ಹಟ. ಆ ಬೆಲೆಯೊಳಗೆ ಆರ್‌ಸಿ ವರ್ಗಾವಣೆ, ವಿಮೆ, ಗಾಡಿ ನಿಲ್ಲಿಸಿಟ್ಟ ಯಾರ್ಡಿನ ಬಾಡಿಗೆ ಎಲ್ಲ ಸೇರಿರಲಿ. ಎಲ್ಲರೂ ಐವತ್ತು ಸಾವಿರ, ಒಂದು ಲಕ್ಷ ಎಂದು ದುಂಡು ಸಂಖ್ಯೆಯಲ್ಲಿ ನಿಂತುಬಿಡುತ್ತಾರೆ, ನೀನು ಅದಕ್ಕಿಂತ ಐನೂರು ಮುಂದೆ ನಿಲ್ಲು. ಮೊದಲ ದಿನವೇ ಸವಾಲು ಹಾಕಿ ನಿನಗೆ ಆಸೆಯಿದೆ ಎಂದು ಊರಿಗೆಲ್ಲ ಸಾರಬೇಡ, ಕೊನೆಯ ನಿಮಿಷಕ್ಕೆ ಕೈ ಹಾಕು.

ಕೊನೆಯ ಸೂತ್ರ ನನ್ನ ಸ್ವಂತದ್ದು. ಮಾಲನ್ನು ನೋಡಲು ಹೋಗಬೇಡ. ಕಣ್ಣಾರೆ ನೋಡಿದರೆ ಆಸೆ ಹುಟ್ಟುತ್ತದೆ, ಆಸೆ ಹುಟ್ಟಿದವನು ಕಾಗದದ ಮೇಲಿನ ಬೆಲೆ ದಾಟುತ್ತಾನೆ. ಫೋಟೊ ಸಾಕು.

ಭಾವನಿಗೆ ಇದೊಂದು ಹಿಡಿಸಲಿಲ್ಲ. "ನೋಡ್ದೆ ಎಂಗಪ್ಪಾ ತಗಳದು?" ಎಂದರು. "ನಾನು ಒಂದು ತುಂಡು ಮರಾನೂ ತಟ್ಟಿ ನೋಡ್ದೆ ತಗಳಕಿಲ್ಲ."

ಅದು ಮರ ಭಾವ, ಇದು ಹರಾಜು, ಎಂದೆ. ಅಕ್ಕ ನನ್ನ ಪರವಾಗಿ ನಿಂತಳು, ಓದಿದವನು ಹೇಳುತ್ತಿದ್ದಾನೆ ಕೇಳಿ ಎಂದಳು.

ಸಾಲದ ಕಂತು ಕಟ್ಟದವರಿಂದ ಫೈನಾನ್ಸಿನವರು ಎಳೆದು ತಂದ ಗಾಡಿಗಳ ಹರಾಜು ಅದು. ನಮ್ಮ ಗಾಡಿಗೆ ಮೊದಲೆರಡು ದಿನ ನಾಲ್ಕು ಜನ ಪೈಪೋಟಿಗೆ ಬಿದ್ದಿದ್ದರು. ಮೂರನೆಯ ದಿನ ಯಾರ್ಡಿಗೆ ಹೋಗಿ ಗಾಡಿ ನೋಡಿ ಬರಲು ಅವಕಾಶವಿತ್ತು. ನಾನು ಹೋಗಲಿಲ್ಲ. ನಾಲ್ಕನೆಯ ದಿನ ಆ ನಾಲ್ವರೂ ಸುಮ್ಮನಾದರು. ಕೊನೆಯ ನಿಮಿಷದಲ್ಲಿ ನಾನು ಒಂದೇ ಒಂದು ಸವಾಲು ಹಾಕಿದೆ, ಎದುರು ಯಾರೂ ಬರಲಿಲ್ಲ. ಕಾಗದದ ಮೇಲಿನ ಬೆಲೆಗಿಂತ ಬಹಳ ಕೆಳಗೆ ಗಾಡಿ ನಮ್ಮದಾಯಿತು. ನನ್ನ ತಾಳ್ಮೆಗೆ ನಾಲ್ಕು ಜನ ಹೆದರಿ ಓಡಿದರು ಎಂದು ನಾನು ಪ್ರಾಮಾಣಿಕವಾಗಿ ನಂಬಿದೆ.

ಗಾಡಿ ಬಿಡಿಸಿಕೊಳ್ಳಲು ಭಾವ ಮತ್ತು ನಾನು ಯಾರ್ಡಿಗೆ ಹೋದೆವು. ಭಾವ ಆಫೀಸಿನೊಳಗೆ ರುಜು ಹಾಕುತ್ತಿದ್ದಾಗ ಕಾವಲುಗಾರ ನನ್ನ ಹತ್ತಿರ ಬಂದ. ಗಾಡಿಯ ಮುಂದಿನ ಚಕ್ರಕ್ಕೆ ಕೊಟ್ಟಿದ್ದ ಒಂದು ದಪ್ಪ ಕಲ್ಲನ್ನು ಎತ್ತಿ ಹಿಂದಿನ ತೊಟ್ಟಿಯಲ್ಲಿ ಇಟ್ಟ.

"ಇದು ಗಾಡಿ ಜೊತೇಲೇ ಇರ್ಲಿ ಸಾ. ಹ್ಯಾಂಡ್ ಬ್ರೇಕ್ ಹಿಡಿಯಾಕಿಲ್ಲ. ನೋಡಾಕ್ ಬಂದವರೆಲ್ಲಾ ಅದನ್ನೇ ನೋಡಿ ಹೊಂಟೋದ್ರು."

ನಾಲ್ಕು ಜನ ಯಾಕೆ ಓಡಿದರೆಂದು ಆಗ ತಿಳಿಯಿತು. ಭಾವ ಹೊರಗೆ ಬಂದಾಗ ನಾನು ಹೇಳಬೇಕಿತ್ತು. ಅವರು ನನ್ನ ಹೆಗಲ ಮೇಲೆ ಕೈ ಹಾಕಿ, ಪರವಾಗಿಲ್ಲ ಕಣಪ್ಪ ನೀನು, ಎಂದರು. ಆ ಮಾತು ನನಗೆ ಬಹಳ ಬೇಕಾಗಿತ್ತು. ಸೋಮವಾರ ನಾನೇ ಒಬ್ಬ ಮೆಕ್ಯಾನಿಕ್ಕಿಗೆ ತೋರಿಸಿ, ಸರ್ವಿಸ್ ಮಾಡಿಸಿದೆ ಎಂದು ಹೇಳಿ ಸದ್ದಿಲ್ಲದೆ ಸರಿಮಾಡಿಸಿದರಾಯಿತು ಎಂದುಕೊಂಡೆ. ಅಲ್ಲಿಯವರೆಗೆ ಗಾಡಿ ಎಲ್ಲಿ ನಿಂತರೂ ನಾನೇ ಮೊದಲು ಇಳಿದು ಕಲ್ಲು ಕೊಡುತ್ತಿದ್ದೆ. ಭಾವ ಅದನ್ನು ನನ್ನ ಮುತುವರ್ಜಿ ಎಂದು ತಿಳಿದು ಎರಡು ಮನೆಗಳಲ್ಲಿ ಹೊಗಳಿದರು.

ಆದರೆ ಸೋಮವಾರಕ್ಕಿಂತ ಮುಂಚೆ ಶುಕ್ರವಾರ ಬರುತ್ತದೆ. ನಮ್ಮಲ್ಲಿ ಗಾಡಿ ಮೆಕ್ಯಾನಿಕ್ಕಿನ ಹತ್ತಿರ ಹೋಗುವ ಮುಂಚೆ ದೇವರ ಹತ್ತಿರ ಹೋಗಬೇಕು. ಮನೆದೇವರು ಸಾವನದುರ್ಗದಲ್ಲಿ. ಬೆಳಿಗ್ಗೆ ಹತ್ತರ ಸುಮಾರಿಗೆ ಬೆಟ್ಟದ ಬುಡ ತಲುಪಿದೆವು. ದೇವಸ್ಥಾನದ ಮುಂದಿನ ಸ್ವಲ್ಪ ಇಳಿಜಾರಿನಲ್ಲಿ ಭಾವ ಗಾಡಿ ನಿಲ್ಲಿಸಿದರು, ನಾನು ಕಲ್ಲು ಕೊಟ್ಟೆ. ಅಕ್ಕ ಗಾಡಿಗೆ ಚೆಂಡುಹೂವಿನ ಹಾರ ಕಟ್ಟಿದಳು. ಪೂಜೆ ಮುಗಿಯುವವರೆಗೆ ಇಂಜಿನ್ ಓಡುತ್ತಿರಲಿ ಎಂದು ಪೂಜಾರಪ್ಪ ಹೇಳಿದ್ದರಿಂದ ಭಾವ ಗೇರ್ ತೆಗೆದು, ಹ್ಯಾಂಡ್ ಬ್ರೇಕ್ ಎಳೆದು, ಇಳಿದು ಬಂದು ಕೈ ಮುಗಿದು ನಿಂತರು. ಆ ಲಿವರ್ ಎಳೆದಾಗ ಕಟಕಟ ಎಂದು ಚೆನ್ನಾಗಿಯೇ ಸದ್ದು ಮಾಡುತ್ತಿತ್ತು.

ನಾನು ವಿಡಿಯೊ ತೆಗೆಯುತ್ತಿದ್ದೆ. ಮುಂದಿನದನ್ನು ವಿಡಿಯೊ ನೋಡಿಯೇ ಹೇಳಬಲ್ಲೆ.

ಪೂಜಾರಪ್ಪ ನಾಲ್ಕು ನಿಂಬೆಹಣ್ಣು ಹಿಡಿದು ಬರುತ್ತಾರೆ. ಮೂರು ಚಕ್ರಗಳಿಗೆ ಇಡುತ್ತಾರೆ. ನಾಲ್ಕನೆಯದಕ್ಕೆ ಕಲ್ಲು ಅಡ್ಡವಿದೆ. ಕಲ್ಲನ್ನು ಕಾಲಿನಿಂದ ಅತ್ತ ಸರಿಸುತ್ತಾರೆ, ನಿಂಬೆಹಣ್ಣು ಇಡುತ್ತಾರೆ, ಎದ್ದು ಪಕ್ಕಕ್ಕೆ ಹೋಗುತ್ತಾರೆ. ಅಕ್ಕ ಆರತಿ ತಟ್ಟೆ ಹಿಡಿದು ಗಾಡಿಯ ನೇರ ಮುಂದೆ ಬಂದು ನಿಲ್ಲುತ್ತಾಳೆ. ಅವಳ ಬೆನ್ನ ಹಿಂದೆ, ಎರಡು ಮಾರು ದೂರದಲ್ಲಿ, ಕಲ್ಲಿನ ಜಗಲಿ. ನಿಂಬೆಹಣ್ಣು ಅಪ್ಪಚ್ಚಿಯಾಗುತ್ತದೆ. ಗಾಡಿ ಮೆಲ್ಲಗೆ, ಯಾರೋ ದೂಡಿದ ಹಾಗೆ, ಹೊರಡುತ್ತದೆ. ಅಕ್ಕ ಕಣ್ಣು ಮುಚ್ಚಿದ್ದಾಳೆ. ಹೂ ಮಾರುವ ಹೆಂಗಸು ಚೌಕಟ್ಟಿನೊಳಗೆ ನುಗ್ಗಿ ಅವಳ ಸೆರಗು ಹಿಡಿದು ಎಳೆಯುತ್ತಾಳೆ. ಅಕ್ಕ ಅತ್ತ ಬೀಳುತ್ತಾಳೆ, ಆರತಿ ತಟ್ಟೆ ಇತ್ತ. ಗಾಡಿ ಹೋಗಿ ಜಗಲಿಗೆ ಗುದ್ದಿ ನಿಲ್ಲುತ್ತದೆ. ಚಿತ್ರ ಒಂದಿಷ್ಟೂ ಅಲುಗುವುದಿಲ್ಲ. ನನ್ನ ಕೈ ಅಷ್ಟು ಸ್ಥಿರವಾಗಿತ್ತು.

ಹೂವಿನವಳು ಅಕ್ಕನನ್ನು ಎಬ್ಬಿಸಿ ಕೂರಿಸಿ, ನೀರು ಕೊಟ್ಟು, ಆಮೇಲೆ ನನ್ನ ಕಡೆ ತಿರುಗಿದಳು. "ಚೆಂದಾಗಿ ಬಂತಾ ಸಾಮಿ?" ಎಂದಳು.

ಮಂಡಿ ತರಚಿದ್ದು ಬಿಟ್ಟರೆ ಅಕ್ಕನಿಗೆ ಏನೂ ಆಗಿರಲಿಲ್ಲ. ಗಾಡಿಗಿದ್ದ ಕೆಟ್ಟ ದೃಷ್ಟಿ ಇದರಲ್ಲೇ ಕಳೆಯಿತು ಎಂದು ಪೂಜಾರಪ್ಪ ಸಮಾಧಾನ ಹೇಳಿದರು. ಭಾವ ತಮ್ಮನ್ನೇ ಬೈದುಕೊಂಡರು, ಲಿವರ್ ಪೂರ್ತಿ ಎಳೆಯಲಿಲ್ಲವೇನೋ ಎಂದು. ನಾನು ಇರಬಹುದು ಎಂದೆ. ಈ ಒಂದು ಮಾತಿಗೆ ನನ್ನ ಹತ್ತಿರ ಯಾವ ಸೂತ್ರದ ರಕ್ಷಣೆಯೂ ಇಲ್ಲ.

ಮರುದಿನ ಮಧ್ಯಾಹ್ನ ಅಕ್ಕ ವಿಡಿಯೊ ಕೇಳಿದಳು. ಭಾವ ಶೆಡ್ಡಿನಲ್ಲಿದ್ದರು, ಲೇತ್ ಓಡುವ ಸದ್ದು ಬರುತ್ತಿತ್ತು. ಬೇಡ ಎಂದೆ, ಕೇಳಲಿಲ್ಲ. ಒಂದು ಸಲ ನೋಡಿದಳು. ಎರಡನೆಯ ಸಲ ಫೋನನ್ನು ಕಿವಿಯ ಹತ್ತಿರ ಹಿಡಿದಳು. ನಾನು ಅಷ್ಟು ಸಲ ನೋಡಿದ್ದರೂ ಕೇಳಿಸಿಕೊಂಡಿರದ ಒಂದು ಪದ ಅದರಲ್ಲಿತ್ತು. ಪೂಜಾರಪ್ಪ ಕಾಲು ಚಾಚಿದ ಕ್ಷಣದಲ್ಲಿ, ಕ್ಯಾಮೆರಾದ ಹಿಂದಿನಿಂದ, ಉಸಿರಿನಷ್ಟು ಸಣ್ಣಗೆ, ನನ್ನದೇ ದನಿ: "ಕಲ್ಲು."

"ನೀನು ಕಲ್ಲು ಅನ್ನುವಾಗ ಗಾಡಿ ಇನ್ನೂ ಅಲ್ಲೇ ಐತಲ್ಲ," ಎಂದಳು ಅಕ್ಕ. "ಅದು ಉರುಳಾಕ್ ಮುಂಚೆನೇ ನಿಂಗೆ ಗೊತ್ತಿತ್ತಾ?"

ಕಾವಲುಗಾರನ ಮಾತಿನಿಂದ ಸೋಮವಾರದ ಲೆಕ್ಕಾಚಾರದವರೆಗೆ ಎಲ್ಲ ಹೇಳಿದೆ. ಅವಳು ಮಂಡಿಯ ಮೇಲಿನ ಪಟ್ಟಿಯನ್ನು ಸವರುತ್ತ ಕೇಳಿದಳು. ಭಾವನಿಗೆ ಈಗಲೇ ಹೋಗಿ ಹೇಳುತ್ತೇನೆ ಎಂದು ಎದ್ದೆ.

"ಕೂತ್ಕ. ನಾನೇ ಯೋಳ್ತೀನಿ. ನೀನು ಯೋಳುದ್ರೆ ಇದ್ರಲ್ಲೂ ಎಷ್ಟು ಉಳೀತು ಅಂತ ಯೋಳ್ತೀಯ."

ಅವಳು ಶೆಡ್ಡಿಗೆ ಹೋದಳು. ಸ್ವಲ್ಪ ಹೊತ್ತಿಗೆ ಲೇತ್ ನಿಂತಿತು. ಬೈಗುಳ ಬರಲಿ ಎಂದು ಕಾದು ಕೂತೆ, ಬರಲಿಲ್ಲ. ಲೇತ್ ಮತ್ತೆ ಶುರುವಾಯಿತು.

ಭಾವ ಹನ್ನೆರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಹ್ಯಾಂಡ್ ಬ್ರೇಕಿಗೆ ಹೊಸ ಕೇಬಲ್ಲು ಹಾಕಿಸಿದ್ದೂ ಒಡೆದದ್ದರ ಬದಲು ಹೊಸ ಹೆಡ್‌ಲೈಟ್ ಹಾಕಿಸಿದ್ದೂ ಅವರೇ. ಹದಿಮೂರನೆಯ ದಿನ ನನ್ನ ಮನೆ ಮುಂದೆ ಭಾವನ ಗಾಡಿಯ ಹಾರನ್ ಕೇಳಿಸಿತು. ಮರ ತರಕ್ಕೆ ಹೋಗ್ತಿದೀನಿ ಬಾ, ಎಂದರು. ಹತ್ತಿ ಕೂತೆ. ಕೂಟಗಲ್ ದಾಟಿದೆವು. ಮುಂದೆ ಒಂದು ಕಡೆ ರಸ್ತೆ ಇಳಿಯುತ್ತದೆ. ಸಾವನದುರ್ಗದ ಮುಂದಿನ ಇಳಿಜಾರಿಗಿಂತ ಕಡಿದು. ಅಲ್ಲಿ ಗಾಡಿಯನ್ನು ಅಂಚಿಗೆ ತಂದು ನಿಲ್ಲಿಸಿದರು. ಇಂಜಿನ್ ಆರಿಸಲಿಲ್ಲ.

"ಇಳಿ. ಮುಂದಕ್ಕೋಗಿ ನಿಂತ್ಕ."

ಇಳಿದು ಮುಂದೆ ಹೋಗಿ ನಿಂತೆ. ಗಾಜಿನಾಚೆ ಅವರ ಕೈ ಗೇರ್ ತೆಗೆದದ್ದು, ಲಿವರ್ ಎಳೆದದ್ದು ಕಾಣಿಸಿತು. ಕಟಕಟ ಸದ್ದು ಕೇಳಿಸಲಿಲ್ಲ, ಇಂಜಿನ್ ಗುರುಗುಟ್ಟುತ್ತಿತ್ತು. ನನ್ನ ಕಾಲುಗಳು ತಾವಾಗಿಯೇ ಪಕ್ಕಕ್ಕೆ ಜರುಗಲು ನೋಡಿದವು. ಭಾವ ಬಾಗಿಲು ತೆಗೆದು ಇಳಿದರು, ನಿಧಾನಕ್ಕೆ ನಡೆದು ಬಂದು ನನ್ನ ಪಕ್ಕ ನಿಂತರು, ಗಾಡಿಗೆ ಬೆನ್ನು ಮಾಡಿ. ನಾನೂ ಬೆನ್ನು ಮಾಡಿದೆ. ಅವರು ಜೇಬಿನಿಂದ ಬೀಡಿ ತೆಗೆದು ಹಚ್ಚಿದರು. ಅದು ಸೇದಿ ಮುಗಿಯುವವರೆಗೆ ನಾವಿಬ್ಬರೂ ಅಲ್ಲೇ ನಿಂತಿದ್ದೆವು.