ಮದುವೆ ಕಾಗದ ಬಂದರೆ ತೆರೆಯಬೇಡಿ

"ಎಂತ ಮಾಸ್ತರೆ, ಮಗಳ ಮದ್ವೆ ಅಂತೆ, ನಂಗೆ ಬಾಯಲ್ಲಿ ಹೇಳ್ಲೇ ಇಲ್ಲ?" ಅಕ್ಕ ಫೋನಿನಲ್ಲಿ ಸುಳ್ಳು ಮುನಿಸು ತೋರಿಸಿದಳು.

ಆ ಕಡೆ ಹೆಬಳೆಯ ಮಾಸ್ತರರು ಬೆಚ್ಚಿಬಿದ್ದರು. "ಯಾರ ಮದ್ವೆ ಅಕ್ಕೋರೆ? ಅವ್ಳು ಇನ್ನೂ ಹೈಸ್ಕೂಲು!"

ಅಷ್ಟು ಹೊತ್ತಿಗೆ ಅಕ್ಕನ ಕಂಪ್ಯೂಟರು ಮುಳುಗಿ ಹೋಗಿತ್ತು.

ನನ್ನ ಅಕ್ಕ ಕುಮಟಾದಲ್ಲಿ ಅಕ್ಕೋರಾಗಿದ್ದು ರಿಟೈರ್ ಆದವಳು. (ನಮ್ಮ ಕಡೆ ಶಾಲೆಯಲ್ಲಿ ಪಾಠ ಹೇಳುವ ಹೆಂಗಸರೆಲ್ಲ ಅಕ್ಕೋರು.) ಅವಳಿಗೊಂದು ಹುಚ್ಚು. ಮದುವೆ ಹಾಡು. ಅರಿಶಿನ ಹಚ್ಚುವ ಹಾಡು, ಬೀಗರನ್ನು ಬಯ್ಯುವ ಹಾಡು, ಹೆಣ್ಣು ಒಪ್ಪಿಸುವ ಹಾಡು. ರಜೆ ಸಿಕ್ಕಿದಾಗೆಲ್ಲ ಊರೂರು ತಿರುಗಿ, ಅಜ್ಜಿಯರ ಜಗಲಿಯಲ್ಲಿ ಕೂತು ರೆಕಾರ್ಡ್ ಮಾಡಿಕೊಂಡು ಬರುತ್ತಿದ್ದಳು.

ಅದರಲ್ಲಿ ಸಂತೆಗುಳಿಯ ಮಾದೇವಿ ಅಜ್ಜಿಯ ಹಾಡೆಂದರೆ ಅವಳಿಗೆ ಜೀವ. ಅಜ್ಜಿ ನಡುವೆ ಹಾಡು ನಿಲ್ಲಿಸಿ, ಅಂಗಳದ ಕೋಳಿಗೆ ಬೈದು, ಬಿಟ್ಟಲ್ಲಿಂದಲೇ ಮತ್ತೆ ಎತ್ತಿಕೊಳ್ಳುತ್ತಿದ್ದಳು. ಆ ಬೈಗುಳವೂ ರೆಕಾರ್ಡ್ ಆಗಿತ್ತು. ಈಗ ಅಜ್ಜಿ ಇಲ್ಲ. ಹಾಡಿದವರಲ್ಲಿ ಹೆಚ್ಚಿನವರು ಇಲ್ಲ. ಕ್ಯಾಸೆಟ್ಟುಗಳಿಗೆ ಬೂಸ್ಟು ಹಿಡಿದು ಎಸೆದಾಗಿದೆ. ಇದ್ದದ್ದು ಕಂಪ್ಯೂಟರಿನಲ್ಲಿ ಮಾತ್ರ.

ಆ ಕಂಪ್ಯೂಟರಿಗೇ ಒಂದು ಮಧ್ಯಾಹ್ನ ಮಾಸ್ತರರ ನಂಬರಿನಿಂದ ವಾಟ್ಸಾಪಿನಲ್ಲಿ ಮದುವೆ ಕಾಗದ ಬಂತು. "ಸಕುಟುಂಬ ಸಪರಿವಾರ ಬಂದು ಆಶೀರ್ವದಿಸಿ." ಕೆಳಗೊಂದು ಫೈಲು. ನೋಡಲು ಥೇಟ್ ಪಿಡಿಎಫ್. ಕ್ಲಿಕ್ ಮಾಡಿದ ಕೂಡಲೇ ಆಂಟಿವೈರಸ್ ಕೆಂಪಗೆ ಬಡಕೊಂಡಿತು, ಬೇಡ, ಅಪಾಯ ಎಂದು. ಅಕ್ಕ "ಆದರೂ ತೆರೆಯಿರಿ" ಒತ್ತಿದಳು.

"ಯಾಕೆ ಒತ್ತಿದೆ ಮಾರಾಯ್ತಿ?"

"ಮನೆ ಬಾಗ್ಲಿಗೆ ಬಂದ ಮದ್ವೆ ಕಾಗ್ದ ತಿರುಗಿ ಕಳ್ಸೂಕೆ ಆತದ್ಯಾ ತಮ್ಮಾ?"

ಕರೆಯಲು ಬಂದವರನ್ನು ಕೂರಿಸಿ, ಬೆಲ್ಲ ನೀರು ಕೊಟ್ಟು, ಕಾಗದವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಬೆಳೆದವರು ನಾವು. ಎಲ್ಲೋ ಕೂತು ಬಲೆ ಹೆಣೆದ ಆ ಪಾಪಿಗೆ ಇದು ಚೆನ್ನಾಗಿ ಗೊತ್ತಿತ್ತು. ಮಾಸ್ತರರೂ ಹಿಂದಿನ ದಿನ ಇಂಥದ್ದೇ ಒಂದು ಕಾಗದವನ್ನು ಭಾವನದ್ದೆಂದು ನಂಬಿ ತೆರೆದಿದ್ದರಂತೆ. ಅದು ಅವರ ವಾಟ್ಸಾಪಿಗೆ ಹೊಕ್ಕು, ಅವರ ಹೆಸರಲ್ಲೇ ಊರನ್ನೆಲ್ಲ ಕರೆಯಲು ಹೊರಟಿತ್ತು.

ಕಂಪ್ಯೂಟರು ಹೊತ್ತುಕೊಂಡು ನಮ್ಮ ಹೊನ್ನಾವರದ ರಿಪೇರಿ ಅಂಗಡಿಗೆ ಹೋದೆ. ಅಂಗಡಿಯವರು ನೋಡಿ ತಲೆ ಅಲ್ಲಾಡಿಸಿದರು. "ಇದು ಬೀಗ ಹಾಕೂ ಜಾತಿ ಸರ್. ಫೈಲೆಲ್ಲ ಇದೆ, ತೆರೂಕೆ ಬರೂದಿಲ್ಲ. ಕೀಲಿ ಇದ್ನ ಬಿಟ್ಟ ಕಳ್ಳರ ಹತ್ರ, ಅದ್ಕೆ ದುಡ್ಡು ಕೇಳ್ತಾರೆ. ದುಡ್ಡು ಕೊಟ್ರೂ ಕೊಡ್ತಾರೆ ಅಂತ ಗ್ಯಾರಂಟಿ ಎಂತದೂ ಇಲ್ಲ."

ಬೇರೆ ಹಾರ್ಡ್ ಡಿಸ್ಕಿನಲ್ಲಿ ಕಾಪಿ ಇರಲಿಲ್ಲವೇ? ಇತ್ತು! ನಮ್ಮ ಅಕ್ಕ ದಡ್ಡಿಯಲ್ಲ. ಆದರೆ ಅದು ಯಾವತ್ತೂ ಕಂಪ್ಯೂಟರಿಗೇ ಸಿಕ್ಕಿಸಿಕೊಂಡು ಇರುತ್ತಿತ್ತು, ಕಳೆದು ಹೋಗಬಾರದು ಎಂದು. ಬೀಗ ಅದಕ್ಕೂ ಬಿತ್ತು.

ಈಗ ನಾನು ಉಪದೇಶ ಮಾಡಬೇಕು, ಅಲ್ಲವೇ? ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಹಾಕೋಣ. ಫೈಲಿನ ಪೂರ್ತಿ ಹೆಸರು ಕಾಣುವಂತೆ ಸೆಟ್ಟಿಂಗ್ ಮಾಡಿಕೊಳ್ಳಿ. ಬಾಲದಲ್ಲಿ ಇಎಕ್ಸ್‌ಇ ಎಂದಿದ್ದರೆ ಅದು ಕಾಗದವಲ್ಲ, ಒಳಗೆ ನುಗ್ಗುವ ಪ್ರೋಗ್ರಾಮು. ಫೋನಿಗಾದರೆ ಎಪಿಕೆ ಎಂದು ಬರುತ್ತದೆ. ಆಂಟಿವೈರಸ್ ಬೇಡ ಎಂದರೆ ಬೇಡ, ಅದರೊಡನೆ ದಾಕ್ಷಿಣ್ಯದ ಮಾತು ಬೇಡ. ಕಾಪಿ ಮಾಡಿದ ಹಾರ್ಡ್ ಡಿಸ್ಕನ್ನು ಕಿತ್ತು ಕಪಾಟಿನಲ್ಲಿಡಿ. ಇನ್ನೊಂದು ಕಾಪಿ ತಂಗಿಯ ಮನೆಯಲ್ಲೋ ತಮ್ಮನ ಮನೆಯಲ್ಲೋ ಇರಲಿ. ಎಲ್ಲಕ್ಕಿಂತ ಮೊದಲು, ಕಳಿಸಿದವರಿಗೆ ಒಂದು ಫೋನ್ ಮಾಡಿ ಕೇಳಿ.

ಏನೆಂದು ಕೇಳುವುದು? "ನೀವು ನಿಜವಾಗಿ ನನ್ನನ್ನು ಕರೆದಿದ್ದೀರಾ?" ಎಂದು! ಥೂ, ಇದೂ ಒಂದು ಬದುಕೇ? ನನಗಂತೂ ಸಾಕಾಗಿದೆ. ನಾಳೆ ಇನ್ನೊಂದು ವೇಷದಲ್ಲಿ ಬರುತ್ತಾರೆ, ತಿಥಿಯ ಕಾಗದವೋ ಸತ್ಯನಾರಾಯಣ ಪೂಜೆಯದೋ. ನಾವು ಮತ್ತೆ ತೆರೆಯುತ್ತೇವೆ.

ಮೊನ್ನೆ ಭಾನುವಾರ ಅಕ್ಕನ ಮನೆಯಲ್ಲಿದ್ದೆ. ಅವಳ ಫೋನಿಗೆ ಒಂದು ಮದುವೆ ಕಾಗದ ಬಂತು. ಕಳಿಸಿದವಳು ಸಂತೆಗುಳಿಯ ಅಶ್ವಿನಿ, ಮಾದೇವಿ ಅಜ್ಜಿಯ ಮೊಮ್ಮಗಳು. ಅಕ್ಕ ತೆರೆಯಲಿಲ್ಲ. ಪಾಠ ಕಲಿತಿದ್ದಾಳೆ. ಸ್ಪೀಕರ್ ಹಾಕಿ ಫೋನ್ ಮಾಡಿದಳು.

"ಅಶ್ವಿನೀ, ಇದು ನೀನೇ ಕಳ್ಸಿದ್ದಾ?"

"ನಾನೇ ಅಕ್ಕೋರೆ. ಕರೂಕೆ ಮನೆಗೂ ಬರ್ತೇವೆ." ಹುಡುಗಿಯ ದನಿಯಲ್ಲಿ ಸಂಭ್ರಮ. ಮತ್ತೆ ಸ್ವಲ್ಪ ಸಂಕೋಚ. "ಅಕ್ಕೋರೆ, ನಮ್ಮಜ್ಜಿ ಹೆಣ್ಣು ಒಪ್ಪಿಸೂ ಹಾಡು ನಿಮ್ಮ ಹತ್ರ ಇದ್ಯಲ್ಲ? ಧಾರೆ ಆದ್ಮೇಲೆ ಅದ್ನೇ ಹಾಕ್ಬೇಕು ಅಂತ ನಂಗೆ ಆಸೆ. ಕಳಿಸ್ತ್ರಾ?"

ಅಕ್ಕ ನನ್ನ ಮುಖ ನೋಡಿದಳು. ಫೋನಿನಲ್ಲಿ ಹುಡುಗಿ "ಹಲೋ, ಅಕ್ಕೋರೆ, ಕೇಳ್ತಾ?" ಎನ್ನುತ್ತಲೇ ಇದ್ದಳು.

ವೈರಸ್ಸಿನಿಂದ ಪಾರಾಗಲು ಎಂತ ಮಾಡಬೇಕೆಂದು ನಾನು ಹೇಳಿದ್ದೇನೆ; ಆ ಹುಡುಗಿಗೆ ಎಂತ ಹೇಳಬೇಕೆಂದು ನೀವು ಹೇಳುತ್ತೀರಾ?