ಮೊಳೆ ಹೊಡೆಯಬಾರದ ಮನೆ

ಗೌರಿಬಿದನೂರಿನಲ್ಲಿ ನಾವು ಬಾಡಿಗೆಗಿದ್ದ ಮನೆಯನ್ನು ಅದರ ಓನರು ಅಪಾರ್ಟ್‌ಮೆಂಟ್ ಎಂದು ಕರೆಯುತ್ತಿದ್ದರು. ಕರೆಯಲಿ ಬಿಡಿ, ಬಾಯಿ ಅವರದು. ಮೊದಲನೇ ಮಹಡಿಯಲ್ಲಿ ಒಂದು ಹಾಲ್, ಒಂದು ರೂಮು, ಒಬ್ಬರು ಒಳಗಿದ್ದರೆ ಇನ್ನೊಬ್ಬರು ಬಾಗಿಲಲ್ಲೇ ಕಾಯಬೇಕಾದ ಅಡುಗೆಮನೆ. ಅದರಲ್ಲಿ ನಾನು, ನನ್ನ ಗಂಡ, ಆರು ತುಂಬಿದ ದೊಡ್ಡ ಮಗಳು, ಎರಡೂವರೆ ವರ್ಷದ ಚಿಕ್ಕವಳು.

ಓನರು ಕೆಳಗೇ ಇದ್ದರು. ಮನೆ ತೋರಿಸಿದ ದಿನವೇ ಒಂದು ಕಾನೂನು ಹೇಳಿದ್ದರು. "ಗೋಡೆಗೆ ಮೊಳೆ ಹೊಡೀಬಾರ್ದು ಕಣಮ್ಮ. ಪೇಂಟು ಹೊಸದು." ಮೊಳೆ ಇಲ್ಲದೆ ಸಂಸಾರ ಮಾಡಿದವರು ಯಾರಾದರೂ ಇದ್ದರೆ ಬಂದು ನನಗೆ ಹೇಳಿಕೊಡಲಿ. ಶೆಲ್ಫ್ ಇಲ್ಲ, ಕನ್ನಡಿ ಇಲ್ಲ, ಬ್ಯಾಗು ನೇತುಹಾಕಲು ಒಂದು ಕೊಕ್ಕೆ ಇಲ್ಲ. ಇರುವುದೆಲ್ಲ ನೆಲದ ಮೇಲೆ. ಕ್ಯಾಲೆಂಡರು ಕೂಡ ರಾಗಿ ಡ್ರಮ್ಮಿಗೆ ಒರಗಿಕೊಂಡು ಕೂತಿತ್ತು. ನೆಲದಲ್ಲಿ ಉಳಿದ ಜಾಗದಲ್ಲಿ ಮಕ್ಕಳು ಓಡಿದರೆ ಓನರ ಹೆಂಡತಿ ಮೆಟ್ಟಿಲು ಹತ್ತಿ ಬರುತ್ತಿದ್ದರು. "ನಿಮ್ಮ ಮಕ್ಳು ಓಡಿದ್ರೆ ನಮ್ಮ ಫ್ಯಾನ್ ಅಲ್ಲಾಡುತ್ತೆ." ಅಲ್ಲಾಡಿದರೆ ಗಾಳಿ ಬರುತ್ತಲ್ಲ ಎಂದು ಒಂದು ಸಲ ಅಂದೇಬಿಟ್ಟೆ. ಅಲ್ಲಿಗೆ ಮಾತುಕತೆ ನಿಂತಿತು.

ನನ್ನ ಗಂಡನಿಗೆ ಕುಡುಮಲಕುಂಟೆಯ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ. ರಾತ್ರಿ ಪಾಳಿಯ ವಾರದಲ್ಲಿ ಇದ್ದೊಂದು ರೂಮು ಹಗಲೆಲ್ಲ ಅವರದು. ರೂಮಿನಲ್ಲಿ ಇದ್ದದ್ದು ಮಂಚ, ಮಂಚ ಮಾತ್ರ. ಮದುವೆಯಲ್ಲಿ ಅತ್ತೆ ಮಾಡಿಸಿಕೊಟ್ಟ ತೇಗದ ಮಂಚ, ತಲೆಯ ಕಡೆ ಎರಡು ಗಿಣಿ ಕೆತ್ತಿಸಿದ್ದು. ಅದು ಒಳಗೆ ಬಂದ ಮೇಲೆ ಬಾಗಿಲು ಅರ್ಧವೇ ತೆರೆಯುತ್ತಿತ್ತು. ಆ ಮಂಚ ಕಂಡರೆ ನನಗೆ ಆಗುತ್ತಿರಲಿಲ್ಲ. ದಿನಕ್ಕೆರಡು ಸಲ ಅದರ ಕಾಲಿಗೆ ನನ್ನ ಕಾಲು ಬಡಿಯುತ್ತಿತ್ತು, ದಿನಕ್ಕೆರಡು ಸಲ ಅದರ ವಂಶವನ್ನೆಲ್ಲ ಜಾಲಾಡುತ್ತಿದ್ದೆ. ಮಂಚ ಆದ ಮೇಲೆ ಗೋಡೆಗೆ ಬೈಗುಳ, ಗೋಡೆ ಆದ ಮೇಲೆ ಓನರಿಗೆ. ಪಾತ್ರೆ ತೊಳೆಯುವಾಗ, ಬಟ್ಟೆ ಮಡಿಸುವಾಗ, ಮಕ್ಕಳಿಗೆ ಊಟ ಮಾಡಿಸುವಾಗ ನನ್ನ ಬಾಯಿ ನಡೆಯುತ್ತಲೇ ಇರುತ್ತಿತ್ತು. ಥೂ, ಕಾಲಿಡೋಕೂ ಜಾಗ ಇಲ್ಲ, ಇದೂ ಒಂದು ಮನೆಯಾ, ಇಲ್ಲಿ ಮನುಷ್ಯರು ಇರ್ತಾರಾ.

ಅತ್ತೆ ತಿಂಗಳಿಗೊಮ್ಮೆ ನಗರಗೆರೆಯಿಂದ ಬರುತ್ತಿದ್ದರು. ಕೈಯಲ್ಲಿ ರಾಗಿಹಿಟ್ಟು, ಅವರೆಕಾಯಿ ಇರುತ್ತಿತ್ತು. ಬಾಯಲ್ಲಿ ಅದೇ ಮಾತು.

"ಈ ಬೆಂಕಿಪೊಟ್ಣದಲ್ಲಿ ಮಕ್ಳನ್ನ ಹೆಂಗಮ್ಮ ಬೆಳೆಸ್ತೀಯ? ದೊಡ್ಡೋಳ್ನ ನಮ್ಮತ್ರ ಬಿಡು. ಅಷ್ಟು ದೊಡ್ಡ ಮನೆ ಖಾಲಿ ಬಿದ್ದೈತೆ. ಜೂನಿಗೆ ನಮ್ಮೂರ ಸ್ಕೂಲಲ್ಲೇ ಒಂದನೇ ಕ್ಲಾಸಿಗೆ ಹಾಕಣ." ಆಂಧ್ರದ ಕಡೆಯಿಂದ ಸೊಸೆಯಾಗಿ ಬಂದವರು ಅವರು, ಪ್ರೀತಿ ಬಂದಾಗ ತೆಲುಗಿಗೆ ಹೊರಳುತ್ತಿದ್ದರು. ಮೊಮ್ಮಗಳ ಗಲ್ಲ ಸವರಿ "ನಾ ಬಂಗಾರು" ಎನ್ನುತ್ತಿದ್ದರು. ನನ್ನ ಜೊತೆ ಯಾವತ್ತೂ ತೆಲುಗಿನಲ್ಲಿ ಮಾತಾಡಲಿಲ್ಲ.

ಅವರ ಮಗ ನೆಲ ನೋಡುತ್ತಾ ಹೇಳಿದರು, "ಎರಡೇ ವರ್ಷ ಕಣೇ. ಆಮೇಲೆ ದೊಡ್ಡ ಮನೆ ಮಾಡಣ."

ಅವರ ತಮ್ಮನೂ ಚಿಕ್ಕಂದಿನಲ್ಲಿ ಎರಡು ವರ್ಷಕ್ಕೆಂದು ಅಜ್ಜಿ ಮನೆಗೆ ಹೋಗಿ, ಎಸ್ಸೆಸ್ಸೆಲ್ಸಿ ಮುಗಿಸಿಕೊಂಡು ಮನೆಗೆ ನೆಂಟನಂತೆ ಬಂದವನು. ನಮ್ಮ ಕಡೆ ಮಕ್ಕಳನ್ನು ಹೀಗೆ ಬಿಡುವುದು ಯಾರಿಗೂ ದೊಡ್ಡ ವಿಷಯವಲ್ಲ. ನನಗೆ ಮಾತ್ರ ದೊಡ್ಡದು. ಜಾಗ ಇಲ್ಲ ಎಂಬ ಒಂದೇ ಕಾರಣಕ್ಕೆ ನಾನು ಹೆತ್ತ ಮಗುವನ್ನು ಇನ್ನೊಬ್ಬರ ಮನೆಗೆ ಕೊಡಬೇಕೇ? ಮೇ ಕೊನೆಯ ಸೋಮವಾರ ಬಂದು ಕರೆದುಕೊಂಡು ಹೋಗುತ್ತೇನೆಂದು ಅತ್ತೆ ಹೇಳಿಹೋದರು. ನನ್ನ ಕೈಯಲ್ಲಿ ಹತ್ತು ದಿನವಿತ್ತು. ಜಾಗ ಮಾಡಿ ತೋರಿಸುತ್ತೇನೆ, ಆಗ ಏನು ಹೇಳುತ್ತಾರೋ ನೋಡೋಣ ಎಂದುಕೊಂಡೆ.

ಜಾಗ ಮಾಡುವುದು ನನಗೆ ಹೊಸ ವಿದ್ಯೆಯಲ್ಲ. ಶಿಡ್ಲಘಟ್ಟದ ಹತ್ತಿರದ ನನ್ನ ತವರಿನಲ್ಲಿ ರೇಷ್ಮೆ ಹುಳ ಸಾಕುತ್ತಿದ್ದರು. ಆಗ ಬೇರೆ ಶೆಡ್ಡು ಇರಲಿಲ್ಲ. ಮನೆಯ ದೊಡ್ಡ ಕೋಣೆ ಹುಳದ್ದು, ಉಳಿದ ಮೂಲೆಗಳು ನಮ್ಮವು. ಕೋಣೆಯೊಳಗೆ ನೆಲದಿಂದ ಸೂರಿನವರೆಗೆ ಮರದ ಸ್ಟ್ಯಾಂಡು, ಅದರ ಅಂತಸ್ತು ಅಂತಸ್ತಿನಲ್ಲೂ ಬಿದಿರಿನ ತಟ್ಟೆ. ಸಾವಿರಾರು ಹುಳ ಸೊಪ್ಪು ತಿನ್ನುತ್ತಾ ಒಂದರ ಮೇಲೊಂದು ಮನೆ ಮಾಡಿಕೊಂಡು ಸುಖವಾಗಿರುತ್ತಿದ್ದವು. ನಾವು ಮಕ್ಕಳು ಜಗಲಿಯಲ್ಲಿ ಒತ್ತರಿಸಿಕೊಂಡು ಮಲಗುತ್ತಿದ್ದೆವು. ಈಗ ನನ್ನ ತಮ್ಮ ಬೇರೆ ಶೆಡ್ಡು ಕಟ್ಟಿಸಿ, ತಟ್ಟೆಯಿಲ್ಲದೆ ಕೊಂಬೆ ಸಮೇತ ಸೊಪ್ಪು ಹಾಕುವ ಪದ್ಧತಿಗೆ ಬಂದಿದ್ದ. ಹಳೇ ಸ್ಟ್ಯಾಂಡು ಹಿಂದುಗಡೆ ಸುಮ್ಮನೆ ನಿಂತಿತ್ತು. ಅದು ತನ್ನ ಕಾಲ ಮೇಲೆ ತಾನೇ ನಿಲ್ಲುವಂಥದ್ದು. ಮೊಳೆ ಬೇಕಾಗಿಲ್ಲ. ಓನರ ಕಾನೂನಿಗೆ ಇದಕ್ಕಿಂತ ಒಳ್ಳೆಯ ಉತ್ತರ ಎಲ್ಲಿ ಸಿಗುತ್ತದೆ?

ನನ್ನ ತಮ್ಮನಿಗೆ ಬಿಡುವಾಗುವಷ್ಟರಲ್ಲಿ ಎಂಟು ದಿನ ಕಳೆದವು. ಶನಿವಾರ, ಗಂಡ ಬೆಳಗಿನ ಪಾಳಿಗೆ ಹೋದಾಗ, ಅವನು ಲಗೇಜ್ ಆಟೋದಲ್ಲಿ ಸ್ಟ್ಯಾಂಡು ತಂದ. ಮೆಟ್ಟಿಲ ಗೋಡೆಗೆ ತಾಗುತ್ತದೆಂದು ಓನರು ಬಾಯಿ ಮಾಡಿದರು. ತಾಗಿದರೆ ಸುಣ್ಣ ನಾನೇ ಹೊಡೆಸುತ್ತೇನೆ, ದಾರಿ ಬಿಡಿ ಎಂದೆ. ರೂಮಿನಲ್ಲಿ ಸ್ಟ್ಯಾಂಡು ನಿಲ್ಲಬೇಕಾದರೆ ಮಂಚ ಹೋಗಬೇಕು. ನಾನೂ ತಮ್ಮನೂ ಸೇರಿ ಮಂಚ ಬಿಚ್ಚಿ, ಗಿಣಿಗಳ ಸಮೇತ ಅದೇ ಆಟೋದಲ್ಲಿ ತವರಿಗೆ ಸಾಗಹಾಕಿದೆವು. ಮದುವೆಯಾದ ಮೇಲೆ ಅಷ್ಟು ಖುಷಿಯಾದ ದಿನ ಇನ್ನೊಂದಿರಲಿಲ್ಲ.

ಮಧ್ಯಾಹ್ನ ಗಂಡ ಬಂದು ರೂಮಿನ ಬಾಗಿಲಲ್ಲಿ ನಿಂತರು. "ನಮ್ಮಮ್ಮ ಕೊಟ್ಟ ಮಂಚ ಎಲ್ಲೇ?"

"ನಿಮ್ಮಮ್ಮನ ಮಂಚ ಬೇಕಾ, ನಿಮ್ಮ ಮಗಳು ಬೇಕಾ? ಒಂದು ಹೇಳಿ."

ಅವರು ಹಾಲ್‌ನಲ್ಲಿ ಚಾಪೆ ಹಾಸಿಕೊಂಡು ಮಲಗಿದರು. ಅದೂ ಅವರ ಒಂದು ಅಭ್ಯಾಸ, ಉತ್ತರ ಹೇಳಬೇಕಾದಾಗ ನಿದ್ದೆ ಮಾಡುವುದು.

ತವರಿನಿಂದ ಅಮ್ಮ ಫೋನ್ ಮಾಡಿದಳು. "ಔಷಧಿ ಹೊಡೀದೆ ಮಕ್ಳನ್ನ ಅದರ ಹತ್ರ ಬಿಡ್ಬೇಡ ಕಣೇ. ಹೋದ ಸಲ ಅದರಲ್ಲಿದ್ದ ಹುಳಕ್ಕೆ ರೋಗ ಬಂದಿತ್ತು." ಅದು ನನಗೂ ಗೊತ್ತಿತ್ತು. ಪ್ರತಿ ಬೆಳೆಗೂ ಮೊದಲು ಸುಣ್ಣದ ನೀರಿಗೆ ಬ್ಲೀಚಿಂಗ್ ಪೌಡರ್ ಕಲಸಿ ಸ್ಟ್ಯಾಂಡು, ತಟ್ಟೆ, ಗೋಡೆ ಎಲ್ಲದಕ್ಕೂ ಹೊಡೆಯುತ್ತಿದ್ದೆವು. ಹೊಡೆದ ಮೇಲೆ ಒಂದು ದಿನ ಪೂರ್ತಿ ಬಾಗಿಲು ಕಿಟಕಿ ಮುಚ್ಚಬೇಕು, ಮಾರನೇ ದಿನ ಪೂರ್ತಿ ತೆರೆದಿಡಬೇಕು. ಆಮೇಲೇ ಹುಳ ಒಳಗೆ ಬರಬೇಕು. ಇದರಲ್ಲಿ ಅಮ್ಮ ಯಾರ ಮಾತೂ ಕೇಳುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಮಕ್ಕಳನ್ನು ಅವರಪ್ಪನ ಜೊತೆ ಮಾಳಿಗೆಯ ಮೇಲೆ ಟ್ಯಾಂಕಿನ ನೆರಳಿಗೆ ಅಟ್ಟಿ ಔಷಧಿ ಹೊಡೆದೆ. ರೂಮಿನ ಬಾಗಿಲು, ಇದ್ದೊಂದು ಕಿಟಕಿ ಎರಡನ್ನೂ ಬಿಗಿಯಾಗಿ ಮುಚ್ಚಿದೆ. ಸಂಜೆಯವರೆಗೆ ಕಾದೆ. ಅದಕ್ಕಿಂತ ಹೆಚ್ಚು ಕಾಯಲು ನನ್ನಲ್ಲಿ ದಿನವಿರಲಿಲ್ಲ. ಬೆಳಗಾದರೆ ಅತ್ತೆ ಬರುತ್ತಾರೆ. ಅವರು ಬಂದಾಗ ಮೊಮ್ಮಗಳು ತನ್ನದೇ ಜಾಗದಲ್ಲಿ, ತನ್ನದೇ ಹಾಸಿಗೆಯ ಮೇಲೆ ಮಲಗಿರುವುದನ್ನು ಅವರು ಕಣ್ಣಾರೆ ನೋಡಬೇಕು. ಅದೊಂದೇ ನನ್ನ ತಲೆಯಲ್ಲಿತ್ತು. ಸ್ಟ್ಯಾಂಡನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ನಡುವಿನ ಅಂತಸ್ತಿಗೆ ಹಲಗೆ ಕೊಟ್ಟು, ಮೇಲೆ ಕೌದಿ ಹಾಸಿದೆ. ಮಗಳು ಹತ್ತಿ ಕೂತು ಚಪ್ಪಾಳೆ ತಟ್ಟಿದಳು.

"ಏನೋ ವಾಸನೆ ಕಣೇ," ಎಂದರು ಗಂಡ.

"ಅದು ಕ್ಲೀನಾಗಿರೋ ವಾಸನೆ," ಎಂದೆ. ಸುಳ್ಳು ಹೇಳಲಿಲ್ಲ. ಹುಟ್ಟಿದಾಗಿನಿಂದ ಆ ವಾಸನೆಯಲ್ಲಿ ಬೆಳೆದವಳು ನಾನು, ನನ್ನ ಮೂಗಿಗೆ ಅದು ಹಿತವಾಗಿಯೇ ಇತ್ತು. ಹುಳಕ್ಕೆ ಕೊಡುತ್ತಿದ್ದ ಆ ಎರಡನೇ ದಿನವನ್ನು ನಾನು ನನ್ನ ಮಗಳಿಗೆ ಕೊಡಲಿಲ್ಲ.

ರಾತ್ರಿ ದೊಡ್ಡವಳು ಒಬ್ಬಳೇ ಅಲ್ಲಿ ಮಲಗಿದಳು. ಬೆಳಿಗ್ಗೆ ಅವಳ ಕಣ್ಣು ಕೆಂಪಗೆ ಊದಿಕೊಂಡು ತೆರೆಯಲು ಬರುತ್ತಿರಲಿಲ್ಲ. ಕೆಮ್ಮು ಬಿಡದೆ ಬರುತ್ತಿತ್ತು. ಅವಳನ್ನು ಎತ್ತಿಕೊಂಡು ಮೆಟ್ಟಿಲಿಳಿಯುವಾಗ ಎದುರಿಗೆ ಅತ್ತೆ, ಮೊದಲನೇ ಬಸ್ಸಿಗೆ ಬಂದಿದ್ದರು. ಡಾಕ್ಟರು ಕಣ್ಣು ತೊಳೆದು, ಎದೆಗೆ ಸ್ಟೆತಾಸ್ಕೋಪ್ ಇಟ್ಟು ನೋಡಿ, "ಮಗು ಮಲಗೋ ರೂಮಿಗೆ ಬ್ಲೀಚಿಂಗ್ ಹಾಕ್ತಾರೇನ್ರಿ? ತಲೆ ಇದೆಯಾ ನಿಮಗೆ?" ಎಂದು ಕೇಳಿದರು. ಅತ್ತೆ ವಾಪಸು ಬಂದ ಮೇಲೆ, ನನಗೆ ಕೇಳಲಿ ಎಂದೇ ಓನರ ಹೆಂಡತಿಯ ಹತ್ತಿರ ಹೇಳಿದರು. "ನಮ್ಮ ಸೊಸೆ ನನ್ನ ಮೊಮ್ಮಗಳನ್ನ ಹುಳ ಮಾಡ್ಬಿಟ್ಳು ಕಣಮ್ಮ." ಓನರ ಹೆಂಡತಿ ಎಷ್ಟು ದಿನದಿಂದ ಕಾದಿದ್ದರೋ, ಮನಸಾರೆ ನಕ್ಕರು.

ಎರಡು ದಿನ ಅತ್ತೆ ನಮ್ಮಲ್ಲೇ ಉಳಿದು, ಕಣ್ಣು ಇಳಿದ ಮೇಲೆ ಮಗುವನ್ನು ಕರೆದುಕೊಂಡು ಹೋದರು. ಬ್ಯಾಗಿನಲ್ಲಿ ಕಣ್ಣಿನ ಡ್ರಾಪ್ಸ್ ಇಟ್ಟವಳು ನಾನೇ. ಬೇಡ ಎನ್ನಲು ನನಗೆ ಯಾವ ಮುಖವಿತ್ತು?

ಆಮೇಲಿನ ಮೂರು ವಾರ ನಾನು ಆ ಮನೆಯ ಹಿಂದೆ ಬಿದ್ದೆ. ಸ್ಟ್ಯಾಂಡನ್ನು ಬಿಚ್ಚಿ ಮಾಳಿಗೆಗೆ ಸಾಗಿಸಿ, ಬಿಸಿನೀರಿನಲ್ಲಿ ತೊಳೆದು ತೊಳೆದು, ದಿನಗಟ್ಟಲೆ ಬಿಸಿಲಿಗಿಟ್ಟೆ. ಮತ್ತೆ ಕೆಳಗೆ ತಂದು ನಿಲ್ಲಿಸಿ, ಬೇಡದ ಅಂತಸ್ತು ತೆಗೆಸಿದೆ. ಎಲ್ಲಕ್ಕಿಂತ ಮೇಲೆ ಟ್ರಂಕು ಮತ್ತು ಚಳಿಗಾಲದ ರಗ್ಗು. ನಡುವೆ ದೊಡ್ಡವಳ ಹಾಸಿಗೆ, ಬೀಳದ ಹಾಗೆ ಅಡ್ಡಪಟ್ಟಿ. ಕೆಳಗೆ ಚಿಕ್ಕವಳದು, ಪಕ್ಕದಲ್ಲಿ ಆಟದ ಸಾಮಾನು. ಕಂಬದ ಎರಡು ಕಡೆ ಹಗ್ಗ ಕಟ್ಟಿ ಸ್ಕೂಲ್ ಬ್ಯಾಗಿಗೆ, ಟವಲ್ಲಿಗೆ, ನೀರಿನ ಬಾಟಲಿಗೆ ಕೊಕ್ಕೆ ಹಾಕಿದೆ. ನಾವಿಬ್ಬರೂ ಹಾಲ್‌ನಲ್ಲಿ ಸುತ್ತಿಡುವ ಹಾಸಿಗೆಗೆ ಬಂದೆವು. ರೂಮಿನ ಬಾಗಿಲು ಪೂರ್ತಿ ತೆರೆಯತೊಡಗಿತು. ಓನರೇ ಒಂದು ದಿನ ಬಂದು ನೋಡಿ, "ಚೆನ್ನಾಗ್ ಮಾಡಿದ್ದೀಯ ಕಣಮ್ಮ," ಎಂದರು. ಅವರ ಹೊಗಳಿಕೆ ಯಾರಿಗೆ ಬೇಕಿತ್ತು!

ಮನೆ ಸರಿಹೋಯಿತು. ನಡುವಿನ ಅಂತಸ್ತು ಖಾಲಿ ಇತ್ತು. ಚಿಕ್ಕವಳು ದಿನಾ ಅಲ್ಲಿಗೆ ಹತ್ತಲು ನೋಡುತ್ತಿದ್ದಳು, ನಾನು ದಿನಾ ಇಳಿಸುತ್ತಿದ್ದೆ.

ಜೂನಿನ ಒಂದು ಭಾನುವಾರ ಚಿಕ್ಕವಳನ್ನು ಅವರಪ್ಪನಿಗೆ ಒಪ್ಪಿಸಿ ಒಬ್ಬಳೇ ನಗರಗೆರೆಗೆ ಹೋದೆ. ಜಗಳಕ್ಕೆ ತಯಾರಾಗಿಯೇ ಹೋಗಿದ್ದೆ. ಅತ್ತೆ ಏನಂದರೆ ಏನನ್ನಬೇಕು ಎಂದು ಬಸ್ಸಿನಲ್ಲಿ ಪೂರ್ತಿ ಪಾಠ ಒಪ್ಪಿಸಿಕೊಂಡಿದ್ದೆ. ಮಗಳು ಬೀದಿಯಲ್ಲೇ ಸಿಕ್ಕಳು. ಅಕ್ಕಪಕ್ಕದ ಮಕ್ಕಳ ಜೊತೆ ಕೂಗಿ ಕೂಗಿ ಆಡುತ್ತಿದ್ದಳು. ಮೈ ತುಂಬಿಕೊಂಡಿತ್ತು. ನನ್ನನ್ನು ಕಂಡು ಓಡಿಬಂದು ಸೊಂಟ ತಬ್ಬಿದಳು.

ಜಗಲಿಯ ಮೇಲೆ ಕೂರಿಸಿಕೊಂಡು ಎಲ್ಲ ಹೇಳಿದೆ. ಹೊಸ ಹಾಸಿಗೆ, ಕೊಕ್ಕೆ, ಬ್ಯಾಗಿನ ಜಾಗ. ಅವಳು ಕಾಲಾಡಿಸುತ್ತಾ ಕೇಳಿಸಿಕೊಂಡಳು.

"ಬರ್ತೀಯಾ ಮನೆಗೆ?"

"ಬೇಡಮ್ಮ."

"ಯಾಕೆ? ಅಜ್ಜಿ ಹೇಳಿಕೊಟ್ರಾ?"

"ಇಲ್ಲ. ನೀನು ಬೈತೀಯ."

ನನಗೆ ಸಿಟ್ಟು ಬಂತು. "ನಾನು ನಿನ್ನ ಯಾವಾಗ ಬೈದಿದ್ದೀನಿ ಹೇಳು?"

"ನನ್ನಲ್ಲ, ಮನೇನ. ಜಾಗ ಇಲ್ಲ ಜಾಗ ಇಲ್ಲ ಅಂತ." ಅವಳು ಸ್ವಲ್ಪ ಯೋಚಿಸಿ, ನನಗೆ ಸಮಾಧಾನ ಹೇಳುವ ದನಿಯಲ್ಲಿ ಮುಗಿಸಿದಳು. "ನಾನಿಲ್ದಿದ್ರೆ ನಿಂಗೆ ಜಾಗ ಸಾಕಾಗುತ್ತಲ್ಲಮ್ಮ."

ಬಸ್ಸಿನಲ್ಲಿ ಕಲಿತ ಪಾಠವೆಲ್ಲ ಮರೆತುಹೋಯಿತು. ಅತ್ತೆ ಬಾಗಿಲಲ್ಲೇ ನಿಂತಿದ್ದರು, ಕೇಳಿಸಿಕೊಂಡಿದ್ದರು. ಅವರು ಏನಾದರೂ ಅಂದಿದ್ದರೆ ನನಗೆ ಸುಲಭವಾಗುತ್ತಿತ್ತು. ಅವರು ಒಳಗೆ ಹೋಗಿ ಮಗುವಿನ ಬಟ್ಟೆ ಮಡಿಸಿ ಬ್ಯಾಗಿಗೆ ತುಂಬಿ ತಂದು ನನ್ನ ಪಕ್ಕ ಇಟ್ಟರು. "ಕರ್ಕೊಂಡು ಹೋಗು. ಸ್ಕೂಲಲ್ಲಿ ಹೆಸರು ತೆಗ್ಸೋದು ನನ್ನ ಮಗ ಬಂದು ನೋಡ್ಕೊಳ್ಲಿ." ಇವತ್ತಿಗೂ ಅವರನ್ನು ನಾನು ಮೆಚ್ಚುವುದಿಲ್ಲ. ಆದರೆ ಅವರು ನನ್ನ ಮಗಳನ್ನು ಕಸಿದುಕೊಂಡರೆಂದು ಹೇಳಿಕೊಂಡು ತಿರುಗುವುದನ್ನು ಅವತ್ತಿಗೆ ಬಿಟ್ಟೆ. ಅವಳನ್ನು ದಿನಾ ಸ್ವಲ್ಪ ಸ್ವಲ್ಪವಾಗಿ ಆಚೆ ದಬ್ಬುತ್ತಿದ್ದವಳು ನಾನು.

ವಾಪಸು ಬರುವಾಗ ಬಸ್ಸು ಖಾಲಿಯಿತ್ತು. ಮೂವರು ಕೂರುವ ಸೀಟಿನಲ್ಲಿ ನಾವಿಬ್ಬರೇ. ಅವಳು ಕಿಟಕಿಯ ಕಡೆ ಸರಿದು, ಮಂಡಿ ಎದೆಗೆ ಒತ್ತಿಕೊಂಡು, ಬ್ಯಾಗನ್ನು ಮಂಡಿಯ ಮೇಲಿಟ್ಟುಕೊಂಡು ಮುದುಡಿ ಕೂತಳು. "ನಾನು ಜಾಸ್ತಿ ಜಾಗ ತಗೊಳಲ್ಲಮ್ಮ," ಎಂದಳು.

ಕಾಲು ಚಾಚಿಕೋ ಎಂದೆ. ಬ್ಯಾಗು ತೆಗೆದು ಕೆಳಗಿಟ್ಟೆ, ಅವಳ ಪಾದ ಹಿಡಿದು ನನ್ನ ತೊಡೆಯ ಮೇಲೆ ಎಳೆದುಕೊಂಡೆ. ಅವಳು ಮೆಲ್ಲಗೆ ಬಿಡಿಸಿಕೊಂಡು ಮತ್ತೆ ಮಡಿಸಿದಳು. ಗೌರಿಬಿದನೂರು ಬರುವವರೆಗೂ ಚಾಚಲಿಲ್ಲ.